ಪಕ್ಕದಲ್ಲೇ ಇದ್ದ ಪ್ರಿಂಟರ್ ನಮ್ಮ ಮಾತು ಯಾಕೆ ಕೇಳಲಿಲ್ಲ?

ಈ ವಾರದ ಮಾತನ್ನ ಒಂದು ರಾತ್ರಿಯಿಂದ ಶುರು ಮಾಡ್ತೀನಿ.

2021ರ ಮಳೆಗಾಲ. ಪುಣೆಯ ವಾಕಡ್‌ನಲ್ಲಿ ನಮ್ಮ ಬಾಡಿಗೆ ಮನೆ. ಹೃದಯದ ಆಪರೇಷನ್‌ಗೆ ಅಂತ ಅಪ್ಪ ಧಾರವಾಡದಿಂದ ಬಂದಿದ್ರು. ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯಲ್ಲಿರಬೇಕು. ವಿಮೆಯ ಅರ್ಜಿ, ಹಳೆಯ ರಿಪೋರ್ಟ್‌ಗಳು ಎಲ್ಲಾ ಸೇರಿ 22 ಪುಟ, ಕಾಗದದ ಮೇಲೇ ಬೇಕು ಅಂದಿದ್ರು. ಮನೆಯಲ್ಲಿ ಪ್ರಿಂಟರ್ ಇತ್ತು. ಹಳೆಯ ವಿಂಡೋಸ್ ಡೆಸ್ಕ್‌ಟಾಪ್‌ಗೆ ಯುಎಸ್‌ಬಿ ತಂತಿಯಲ್ಲಿ ಜೋಡಿಸಿ, ಮನೆಗೆಲ್ಲ ಶೇರ್ ಮಾಡಿದ್ದೆ. ರಾತ್ರಿ ಹನ್ನೊಂದಕ್ಕೆ ನೋಡಿದ್ರೆ ಡೆಸ್ಕ್‌ಟಾಪ್ ಆನ್ ಆಗಲೇ ಇಲ್ಲ. ಪವರ್ ಸಪ್ಲೈ ಸುಟ್ಟು ಹೋಗಿತ್ತು.

ಹೆಂಡತಿಯ ಮ್ಯಾಕ್‌ಬುಕ್ ಇತ್ತು, ನನ್ನ ಲಿನಕ್ಸ್ ಲ್ಯಾಪ್‌ಟಾಪ್ ಇತ್ತು, ಮಗಳ ಟ್ಯಾಬ್ ಇತ್ತು, ಮೂರು ಆಂಡ್ರಾಯ್ಡ್ ಫೋನ್ ಇದ್ದವು. ಅಪ್ಪ ಎಲ್ಲಾ ನೋಡಿ ಕೇಳಿದ್ರು: "ಅಲ್ಲಪಾ, ಇಷ್ಟೆಲ್ಲಾ ಮಷೀನ್ ಅದಾವ, ಪ್ರಿಂಟರೂ ಇಲ್ಲೇ ಐತಿ. ಮತ್ಯಾಕ ಆಗವಲ್ದು?"

ಹದಿನೈದು ವರ್ಷ ಐಟಿಯಲ್ಲಿ ಕೆಲಸ ಮಾಡಿದವನ ಬಳಿ ಉತ್ತರ ಇರಲಿಲ್ಲ. ಆಮೇಲೆ ಕೂತು ಓದಿದೆ. ಅಪ್ಪನ ಪ್ರಶ್ನೆಗೆ ನಲವತ್ತು ವರ್ಷದ ಇತಿಹಾಸವೇ ಇದೆ.

ಎರಡು ಭಾಷೆಗಳ ಸಮಸ್ಯೆ

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಪ್ರಿಂಟ್ ಮಾಡೋದ್ರಲ್ಲಿ ಎರಡು ಭಾಷೆಗಳಿವೆ. ಒಂದು ದಾರಿಯ ಭಾಷೆ: ಈ ಕಡತವನ್ನ ನಿನಗೆ ಕಳಿಸ್ತಿದ್ದೀನಿ, ತಗೋ ಅಂತ ಹೇಳೋದು. ಇನ್ನೊಂದು ಪುಟದ ಭಾಷೆ: ಎಲ್ಲಿ ಯಾವ ಅಕ್ಷರ, ಎಲ್ಲಿ ಗೆರೆ ಅಂತ ಹೇಳೋದು. ಪೋಸ್ಟ್‌ಮ್ಯಾನ್ ಮನೆ ಹುಡುಕಿ ಕಾಗದ ಕೊಟ್ರೂ, ಕಾಗದದ ಒಳಗಿನ ಭಾಷೆ ಬರದಿದ್ರೆ ಏನು ಉಪಯೋಗ? ವಿಂಡೋಸ್ ಅಲ್ಲದ ಸಾಧನದಿಂದ ಶೇರ್ ಆದ ಪ್ರಿಂಟರ್‌ಗೆ ಪ್ರಿಂಟ್ ಹೋಗದಿದ್ದಾಗ ಈ ಎರಡರಲ್ಲಿ ಒಂದು ಕೈಕೊಟ್ಟಿರುತ್ತೆ. ಎಷ್ಟೋ ಸಲ ಎರಡೂ.

ದುಬಾರಿ ಇದ್ದಾಗ ಎಲ್ಲರದ್ದು

1980ರ ಆಸುಪಾಸು. ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿ ಒಂದು ಲೇಸರ್ ಪ್ರಿಂಟರ್ ಕೊಟ್ಟಿತು. ಇಡೀ ಲ್ಯಾಬ್‌ಗೆ ಹಂಚಿಕೆಯ ಪ್ರಿಂಟರ್. ಅದರಲ್ಲಿ ಕಾಗದ ಸಿಕ್ಕಿಕೊಳ್ತಿತ್ತು, ಆದ್ರೆ ಯಾರಿಗೂ ತಿಳೀತಿರಲಿಲ್ಲ. ಹಳೆಯ ಪ್ರಿಂಟರ್‌ನಲ್ಲಿ ರಿಚರ್ಡ್ ಸ್ಟಾಲ್ಮನ್ ಪ್ರೋಗ್ರಾಂ ತಿದ್ದಿ, ಕಾಗದ ಸಿಕ್ಕಿಕೊಂಡ ಕೂಡಲೇ ಕಾಯ್ತಿರೋರಿಗೆ ಸಂದೇಶ ಹೋಗೋ ಹಾಗೆ ಮಾಡಿದ್ರು. ಹೊಸದಕ್ಕೂ ಹಾಗೇ ಮಾಡೋಣ ಅಂದ್ರೆ ಸೋರ್ಸ್ ಕೋಡ್ ಸಿಗಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬರ ಬಳಿ ಇತ್ತು. ಯಾರಿಗೂ ಕೊಡಲ್ಲ ಅಂತ ಸಹಿ ಹಾಕಿದ್ದೇನೆ ಅಂತ ಅವರು ಕೊಡಲಿಲ್ಲ. ಮುಚ್ಚಿದ ತಂತ್ರಾಂಶದ ಬಗ್ಗೆ ಸ್ಟಾಲ್ಮನ್‌ಗೆ ಸಿಟ್ಟು ಬರೋದಕ್ಕೆ ಈ ಘಟನೆ ದೊಡ್ಡ ಕಾರಣ. 1983ರ ಸೆಪ್ಟೆಂಬರ್‌ನಲ್ಲಿ ಅವರು ಗ್ನೂ ಯೋಜನೆ ಘೋಷಿಸಿದ್ರು.

1985ರಲ್ಲಿ ಆಪಲ್ ಲೇಸರ್‌ರೈಟರ್ ಬಂತು. ಬೆಲೆ 6,995 ಡಾಲರ್. ಒಬ್ಬರಿಗೆ ಒಂದು ಅಂತ ಕೊಳ್ಳೋದು ಸಾಧ್ಯವೇ ಇಲ್ಲ, ಹಾಗಾಗಿ ಅದರೊಳಗೇ ನೆಟ್‌ವರ್ಕ್ ಇಟ್ಟು, ಹಲವು ಮ್ಯಾಕ್‌ಗಳು ಹಂಚಿಕೊಳ್ಳೋ ಹಾಗೆ ಮಾಡಿದ್ರು. ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಅನ್ನೋ ಪುಟದ ಭಾಷೆ ಅದಕ್ಕೆ ಗೊತ್ತಿತ್ತು. ಅಂದ್ರೆ ಪ್ರಿಂಟರ್‌ನೊಳಗೇ ಒಂದು ಒಳ್ಳೆ ಕಂಪ್ಯೂಟರ್ ಇತ್ತು. ಅತ್ತ ಯುನಿಕ್ಸ್ ಜಗತ್ತಿನಲ್ಲಿ ಬರ್ಕ್‌ಲಿಯವರು ಮಾಡಿದ ಎಲ್‌ಪಿಡಿ ಅನ್ನೋ ವ್ಯವಸ್ಥೆ ದಾರಿಯ ಕೆಲಸ ನೋಡಿಕೊಳ್ತಿತ್ತು.

ಆಮೇಲೆ ಪ್ರಿಂಟರ್ ಅಗ್ಗ ಆಯ್ತು. ಇಲ್ಲೇ ತಿರುವು ನೋಡಿ. 1990ರ ದಶಕದ ಮಧ್ಯದಲ್ಲಿ ತಯಾರಕರು ಪ್ರಿಂಟರ್‌ನೊಳಗಿನ ಬುದ್ಧಿಯನ್ನೇ ತೆಗೆದ್ರು. ಪುಟ ರಚಿಸೋ ಕೆಲಸವೆಲ್ಲ ವಿಂಡೋಸ್ ಡ್ರೈವರ್‌ನದ್ದು. ಪ್ರಿಂಟರ್ ಬರೀ ಚುಕ್ಕಿ ಇಡುತ್ತೆ. ಮನೆಮನೆಗೆ ಪ್ರಿಂಟರ್ ಬಂದದ್ದು ಹೀಗೆ, ಅದು ವಿಂಡೋಸ್‌ಗೆ ಅಂಟಿಕೊಂಡದ್ದೂ ಹೀಗೇ. ದುಬಾರಿ ಪ್ರಿಂಟರ್ ಎಲ್ಲರ ಜೊತೆ ಮಾತಾಡ್ತಿತ್ತು, ಅಗ್ಗದ್ದು ಒಬ್ಬನ ಜೊತೆ ಮಾತ್ರ. ನನ್ನ ಮನೆಯಲ್ಲಿದ್ದದ್ದು ಇಂಥದ್ದೇ.

ಕೆಫೆಯಲ್ಲಿ ಕೂತು ಕಲಿತ ಭಾಷೆ

ವಿಂಡೋಸ್‌ನಲ್ಲಿ ಪ್ರಿಂಟರ್ ಶೇರ್ ಮಾಡಿದಾಗ ಮಾತು ನಡೆಯೋದು ಎಸ್‌ಎಂಬಿ ಅನ್ನೋ ದಾರಿಯ ಭಾಷೆಯಲ್ಲಿ. ಅದು 1980ರ ದಶಕದ ಮೊದಲಲ್ಲಿ ಐಬಿಎಂನಲ್ಲಿ ಹುಟ್ಟಿತು, ಮೈಕ್ರೋಸಾಫ್ಟ್ ಬೆಳೆಸಿತು. ಅದರ ಪೂರ್ತಿ ವ್ಯಾಕರಣ ಹೊರಗಿನವರಿಗೆ ಸಿಗ್ತಿರಲಿಲ್ಲ.

1991ರ ಕೊನೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪಿಎಚ್‌ಡಿ ಮಾಡ್ತಿದ್ದ ಆಂಡ್ರ್ಯೂ ಟ್ರಿಜೆಲ್‌ಗೆ ತನ್ನ ಡಾಸ್ ಪಿಸಿಯನ್ನ ಯುನಿಕ್ಸ್ ಯಂತ್ರಕ್ಕೆ ಜೋಡಿಸಬೇಕಿತ್ತು. ದಾಖಲೆ ಇರಲಿಲ್ಲ. ತಂತಿಯಲ್ಲಿ ಹೋಗೋ ಪ್ಯಾಕೆಟ್‌ಗಳನ್ನ ಹಿಡಿದು ನೋಡಿದ್ರು: ಇವನು ಇದನ್ನ ಕೇಳಿದ್ರೆ ಅವನು ಏನು ಹೇಳ್ತಾನೆ? ಫ್ರೆಂಚ್ ಬಾರದವನು ಫ್ರೆಂಚ್ ಕೆಫೆಯಲ್ಲಿ ಕೂತು, ಸುತ್ತಲಿನ ಮಾತು ಕೇಳಿ ಕೇಳಿ ಭಾಷೆ ಕಲಿಯೋದಕ್ಕೆ ಅವರೇ ಇದನ್ನ ಆಮೇಲೆ ಹೋಲಿಸಿದ್ರು.

ಇದನ್ನ ಓದಿದಾಗ ನಗು ಬಂತು. ನಾವು ಮರಾಠಿ ಕಲಿತದ್ದು ಇನ್ಹೇಗೆ? ಮಂಡಿಯಲ್ಲಿ ಪಕ್ಕದವರು "ಕಸೇ ದಿಲೇ" ಅಂದಾಗ ಅಂಗಡಿಯವ ಏನು ಹೇಳಿದ ಅಂತ ನೋಡಿಯೇ ಅಲ್ವಾ? ಚೆನ್ನೈ, ಹೈದರಾಬಾದ್‌ನಲ್ಲಿರೋರೂ ಹೀಗೇ ಕಲಿತಿರ್ತೀರಿ.

ಆ ಪ್ರೋಗ್ರಾಂಗೆ ಮೊದಲು ಇಟ್ಟಿದ್ದ ಹೆಸರು ಬೇರೆ ಕಂಪನಿಯ ಟ್ರೇಡ್‌ಮಾರ್ಕ್ ಆಗಿತ್ತು. ಯಂತ್ರದಲ್ಲಿದ್ದ ನಿಘಂಟಿನ ಕಡತದಲ್ಲಿ ಎಸ್, ಎಂ, ಬಿ ಈ ಕ್ರಮದಲ್ಲಿ ಬರೋ ಪದ ಹುಡುಕಿದಾಗ ಸಿಕ್ಕ ಹೆಸರು ಸಾಂಬಾ. ಲಿನಕ್ಸ್ ಯಂತ್ರ ವಿಂಡೋಸ್‌ನ ಪ್ರಿಂಟರ್‌ಗೆ ಪುಟ ಕಳಿಸೋದು, ವಿಂಡೋಸ್ ಯಂತ್ರ ಲಿನಕ್ಸ್‌ನ ಪ್ರಿಂಟರ್‌ಗೆ ಕಳಿಸೋದು, ಎರಡೂ ಇದರಿಂದ ಸಾಧ್ಯವಾಯ್ತು. ಮ್ಯಾಕ್‌ಗಳಲ್ಲೂ ಹಲವು ವರ್ಷ ಸಾಂಬಾ ಇತ್ತು. ಅದನ್ನ ಹಂಚಿದ್ದು ಸ್ಟಾಲ್ಮನ್‌ರ ಜಿಪಿಎಲ್ ಲೈಸೆನ್ಸ್‌ನಲ್ಲಿ. ಪ್ರಿಂಟರ್ ಮೇಲಿನ ಸಿಟ್ಟು ತಿರುಗಿ ಪ್ರಿಂಟರ್‌ನ ಹತ್ತಿರಕ್ಕೇ ಬಂತು.

ಕದ್ದು ಕೇಳಿ ಕಲಿಯೋ ಈ ಪಾಡು ಕೊನೆಗೆ ಯುರೋಪಿನ ಕೋರ್ಟ್‌ಗೂ ಹೋಯ್ತು. ಕಡತ ಮತ್ತು ಪ್ರಿಂಟ್ ಸೇವೆ ಕೊಡೋ ಸರ್ವರ್‌ಗಳ ಮಾಹಿತಿಯನ್ನ ಸ್ಪರ್ಧಿಗಳಿಗೆ ಕೊಡಬೇಕು ಅಂತ 2004ರ ಮಾರ್ಚ್‌ನಲ್ಲಿ ಯುರೋಪಿಯನ್ ಕಮಿಷನ್ ಮೈಕ್ರೋಸಾಫ್ಟ್‌ಗೆ ಆದೇಶಿಸಿತು. ಆ ಆದೇಶದಲ್ಲಿ ಹಾಕಿದ ದಂಡ 49.7 ಕೋಟಿ ಯೂರೋ. 2007ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಆ ಡಿಸೆಂಬರ್‌ನಲ್ಲಿ 10,000 ಯೂರೋ ಕಟ್ಟಿ ಸಾಂಬಾದವರು ದಾಖಲೆ ಪಡೆಯೋ ಒಪ್ಪಂದ ಆಯ್ತು. ಕೇಳಿ ಕಲಿಯೋಕೆ ಶುರು ಮಾಡಿ ಆಗ ಹದಿನಾರು ವರ್ಷ.

ಆದ್ರೆ ಸಾಂಬಾ ಬಿಡಿಸಿದ್ದು ದಾರಿಯ ಗಂಟು ಮಾತ್ರ. ಪುಟದ ಭಾಷೆಗೆ ಮ್ಯಾಕ್‌ನಲ್ಲೋ ಲಿನಕ್ಸ್‌ನಲ್ಲೋ ಅದೇ ಪ್ರಿಂಟರ್‌ನ ಡ್ರೈವರ್ ಇರಲೇಬೇಕು. ತಯಾರಕರು ಕೊಡದಿದ್ದ ಕಡೆ ಎಷ್ಟೋ ಪ್ರಿಂಟರ್‌ಗಳಿಗೆ ಡ್ರೈವರ್ ಬರೆದವರು ಸ್ವಯಂಸೇವಕರು, ಅದೇ ಕೆಫೆಯ ವಿಧಾನದಲ್ಲಿ.

ಯಾರ ಮನೆಯದ್ದೂ ಅಲ್ಲದ ಭಾಷೆ

1990ರ ದಶಕದ ಕೊನೆಗೆ ಪ್ರಿಂಟರ್ ಕಂಪನಿಗಳೂ ಇಂಟರ್ನೆಟ್ ಎಂಜಿನಿಯರ್‌ಗಳೂ ಸೇರಿ ಐಪಿಪಿ ಅನ್ನೋ ನಿಯಮ ಬರೆದ್ರು. ಮೊದಲ ರೂಪ ಪ್ರಕಟವಾದದ್ದು 1999ರ ಏಪ್ರಿಲ್‌ನಲ್ಲಿ. ವೆಬ್ ಪುಟ ಓಡಾಡೋ ಎಚ್‌ಟಿಟಿಪಿಯ ಮೇಲೇ ಇದೂ ಓಡುತ್ತೆ, ಪೋರ್ಟ್ 631. ನಿನಗೆ ಏನೇನು ಬರುತ್ತೆ, ಬಣ್ಣ ಇದೆಯಾ, ಕಾಗದ ಇದೆಯಾ ಅಂತ ಪ್ರಿಂಟರ್‌ನ ಕೇಳಬಹುದು. ಪ್ರಿಂಟರ್ ಕೊಡಬಹುದಾದ ಉತ್ತರಗಳ ಪಟ್ಟಿಯಲ್ಲಿ "ಕಾಗದ ಸಿಕ್ಕಿಕೊಂಡಿದೆ" ಅನ್ನೋದೂ ಇದೆ. ಸ್ಟಾಲ್ಮನ್ ಕೇಳಿದ್ದು ಇಷ್ಟೇ ಅಲ್ವಾ?

ಇದೇ ಹೊತ್ತಿಗೆ ಮೈಕೆಲ್ ಸ್ವೀಟ್ ತಮ್ಮ ಚಿಕ್ಕ ಕಂಪನಿಯಲ್ಲಿ ಕಪ್ಸ್ ಅನ್ನೋ ಮುದ್ರಣ ವ್ಯವಸ್ಥೆ ಕಟ್ಟಿದ್ರು. ಐಪಿಪಿಯೇ ಅದರ ಬೆನ್ನೆಲುಬು. 1999ರಲ್ಲಿ ಬಿಡುಗಡೆ ಆಯ್ತು, ಲಿನಕ್ಸ್‌ಗಳು ಒಂದೊಂದಾಗಿ ಒಪ್ಪಿಕೊಂಡವು, 2002ರಲ್ಲಿ ಆಪಲ್ ತನ್ನ ಮ್ಯಾಕ್ ಓಎಸ್ ಎಕ್ಸ್ 10.2ಗೆ ಸೇರಿಸಿಕೊಂಡಿತು. 2007ರಲ್ಲಿ ಆಪಲ್ ಸ್ವೀಟ್‌ರನ್ನೂ ಕೋಡ್‌ನ ಹಕ್ಕನ್ನೂ ತಗೊಂಡಿತು. ಕೋಡ್ ಮುಕ್ತವಾಗೇ ಉಳಿಯಿತು. ಈಗ ಆ ಕೆಲಸ ಓಪನ್‌ಪ್ರಿಂಟಿಂಗ್ ಗುಂಪಿನಲ್ಲಿ ನಡೀತಿದೆ. ಗೂಗಲ್ ಸಮ್ಮರ್ ಆಫ್ ಕೋಡ್ ಮೂಲಕ ಅದಕ್ಕೆ ಕೋಡ್ ಬರೆದವರಲ್ಲಿ ನಮ್ಮ ದೇಶದ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಬಹಳ ಇದ್ದಾರೆ.

ಫೋನ್ ಬಂದ ಮೇಲೆ

ನಿಜವಾಗಿ ಆಟ ಬದಲಾದದ್ದು ಫೋನ್‌ನಿಂದ. ಫೋನ್‌ಗೆ ಯಾರು ಡ್ರೈವರ್ ಹಾಕ್ತಾರೆ? ಸಾವಿರಾರು ಮಾಡೆಲ್‌ಗಳಿಗೆ ಸಾವಿರಾರು ಡ್ರೈವರ್ ಅದರಲ್ಲಿ ತುಂಬೋಕಾಗಲ್ಲ. 2010ರ ಏಪ್ರಿಲ್‌ನಲ್ಲಿ ಬಂದ ಮೊದಲ ಐಪ್ಯಾಡ್‌ನಲ್ಲಿ ಪ್ರಿಂಟ್ ಇರಲೇ ಇಲ್ಲ. ನವೆಂಬರ್‌ನಲ್ಲಿ ಏರ್‌ಪ್ರಿಂಟ್ ಬಂತು: ದಾರಿಗೆ ಐಪಿಪಿ, ಹುಡುಕೋಕೆ ಬಾಂಜೂರ್, ಪುಟಕ್ಕೆ ಒಂದೆರಡು ಸಾಮಾನ್ಯ ರೂಪ. ಡ್ರೈವರ್ ಬೇಡ. ಮ್ಯಾಕ್ ಅಥವಾ ಪಿಸಿಯಲ್ಲಿ ಶೇರ್ ಮಾಡಿದ ಪ್ರಿಂಟರ್‌ಗೂ ಹೋಗುತ್ತೆ ಅಂತ ಮೊದಲು ಹೇಳಿದ್ರು, ಬಿಡುಗಡೆ ದಿನ ಅದು ಇರಲಿಲ್ಲ. ಎಚ್‌ಪಿಯ ಕೆಲವೇ ಮಾಡೆಲ್‌ಗಳಿಗೆ ಮಾತ್ರ. ಲಿನಕ್ಸ್ ಬಳಸೋರು ಸುಮ್ಮನಿರಲಿಲ್ಲ. ಕಪ್ಸ್‌ನಲ್ಲಿ ಶೇರ್ ಮಾಡಿದ ಹಳೆಯ ಪ್ರಿಂಟರನ್ನ ಏರ್‌ಪ್ರಿಂಟ್ ಪ್ರಿಂಟರ್ ಹಾಗೆ ತೋರಿಸೋ ಉಪಾಯ ಕಂಡುಹಿಡಿದ್ರು.

ಗೂಗಲ್ ಬೇರೆ ದಾರಿ ಹಿಡಿಯಿತು. ಕ್ಲೌಡ್ ಪ್ರಿಂಟ್‌ನಲ್ಲಿ ನಿಮ್ಮ ಪುಟ ಮೊದಲು ಗೂಗಲ್ ಸರ್ವರ್‌ಗೆ ಹೋಗಿ, ತಿರುಗಿ ನಿಮ್ಮದೇ ಕೋಣೆಗೆ ಬರ್ತಿತ್ತು. 2020ರ ಡಿಸೆಂಬರ್ 31ಕ್ಕೆ ಅದನ್ನ ಮುಚ್ಚಿದ್ರು, ಎಲ್ಲರೂ ಮನೆಯಿಂದ ಕೆಲಸ ಮಾಡ್ತಿದ್ದ ಹೊತ್ತಲ್ಲಿ. ಅಷ್ಟರಲ್ಲಿ ಕ್ಯಾನನ್, ಎಚ್‌ಪಿ, ಸ್ಯಾಮ್‌ಸಂಗ್, ಜೆರಾಕ್ಸ್ ಸೇರಿ 2013ರಲ್ಲಿ ಕಟ್ಟಿದ ಮೊಪ್ರಿಯಾ ಒಕ್ಕೂಟದಿಂದ ಆಂಡ್ರಾಯ್ಡ್‌ಗೂ ಐಪಿಪಿ ದಾರಿ ಸಿಕ್ಕಿತ್ತು. ತಯಾರಕರ ಡ್ರೈವರ್‌ಗಳನ್ನ ಹಂತಹಂತವಾಗಿ ಬಿಟ್ಟು ಇದೇ ದಾರಿಗೆ ಬರ್ತೀವಿ ಅಂತ 2023ರಲ್ಲಿ ಮೈಕ್ರೋಸಾಫ್ಟೂ ಹೇಳಿತು.

ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಲಾಭ. ನುಡಿ, ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತವನ್ನ ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದ್ರೆ ಏನಾಗುತ್ತೆ ಅಂತ ಗೊತ್ತಲ್ಲ, ಬರೀ ಗೀಚು. ಈಗ ಕಡತ ಯುನಿಕೋಡ್‌ನಲ್ಲಿದ್ರೆ ಒತ್ತಕ್ಷರ ಜೋಡಿಸೋ ಕೆಲಸ ಫೋನ್‌ನಲ್ಲೇ ಮುಗಿದು, ಪುಟ ಚಿತ್ರವಾಗೋ ಪಿಡಿಎಫ್ ಆಗೋ ಹೋಗುತ್ತೆ. ಪ್ರಿಂಟರ್‌ಗೆ ಕನ್ನಡ ಬರಬೇಕಾಗಿಲ್ಲ.

ಆ ರಾತ್ರಿ

ನಾನು ಮೊದಲು ಓಡಿದ್ದು ಜೆರಾಕ್ಸ್ ಅಂಗಡಿ ಹುಡುಕಿಕೊಂಡು. ಹನ್ನೊಂದೂವರೆಗೆ ಯಾವುದು ತೆರೆದಿರುತ್ತೆ? ನೆನೆದುಕೊಂಡು ವಾಪಸ್ ಬಂದೆ. ಒಂದು ಗಂಟೆ ಹೊತ್ತಿಗೆ ಬುದ್ಧಿ ಬಂತು. ಸತ್ತ ಡೆಸ್ಕ್‌ಟಾಪ್‌ನಿಂದ ಯುಎಸ್‌ಬಿ ತಂತಿ ಕಿತ್ತು ಲಿನಕ್ಸ್ ಲ್ಯಾಪ್‌ಟಾಪ್‌ಗೆ ಚುಚ್ಚಿದೆ. ಆ ಪ್ರಿಂಟರ್‌ಗೆ ಯಾರೋ ಬರೆದಿಟ್ಟ ಡ್ರೈವರ್ ಇತ್ತು. ಕಪ್ಸ್‌ನಲ್ಲಿ ಶೇರ್ ಅಂತ ಟಿಕ್ ಹಾಕಿದೆ. ರಿಪೋರ್ಟ್‌ಗಳು ಹೆಂಡತಿಯ ಫೋನ್‌ನಲ್ಲಿದ್ವು. ಫೋನ್‌ನ ಪ್ರಿಂಟ್ ಪಟ್ಟಿಯಲ್ಲಿ ಪ್ರಿಂಟರ್ ಹೆಸರು ತಾನಾಗೇ ಬಂತು. ಅಪ್ಪನಿಗೆ ನಿದ್ದೆ ಇರಲಿಲ್ಲ. ಪಕ್ಕದಲ್ಲಿ ನಿಂತು ಒಂದೊಂದೇ ಬಿಸಿ ಪುಟ ತಗೊಂಡು, 22ನ್ನೂ ಎಣಿಸಿ, ಕ್ರಮವಾಗಿ ಇಟ್ಟರು. ಏಳಕ್ಕೆ ಆಸ್ಪತ್ರೆಯಲ್ಲಿದ್ವಿ.

ಅವರ ಪ್ರಶ್ನೆಗೆ ಉತ್ತರ ಆಮೇಲೆ ಫೋನ್‌ನಲ್ಲಿ ಹೇಳಿದೆ: ಅಪ್ಪಾ, ಪ್ರಿಂಟರ್ ನಮ್ಮದೇ ಆಗಿತ್ತು, ಆದ್ರೆ ಅದರ ಜೊತೆ ಮಾತಾಡೋಕೆ ನಾನು ಮನೆಯಲ್ಲಿ ಒಬ್ಬನೇ ದುಭಾಷಿಯನ್ನ ಇಟ್ಟಿದ್ದೆ. ಅವನು ಬಿದ್ದ, ಎಲ್ಲಾ ನಿಂತಿತು.

ನಿಮ್ಮ ಮನೆಯಲ್ಲೂ ಅಂಥ ಒಬ್ಬನೇ ಒಬ್ಬ ಇದ್ದಾನಾ ನೋಡಿಕೊಳ್ಳಿ. ಹೊಸ ಪ್ರಿಂಟರ್ ಕೊಳ್ಳೋದಾದ್ರೆ ವೈಫೈ ಇದೆಯಾ ಅಂತ ಮಾತ್ರ ಕೇಳಬೇಡಿ, ಏರ್‌ಪ್ರಿಂಟ್ ಅಥವಾ ಮೊಪ್ರಿಯಾ ಇದೆಯಾ ಅಂತ ಕೇಳಿ. ಹಳೆಯ ಯುಎಸ್‌ಬಿ ಪ್ರಿಂಟರ್ ಗಟ್ಟಿಯಾಗಿದ್ರೆ ಎಸೀಬೇಡಿ. ಲಿನಕ್ಸ್ ಡ್ರೈವರ್ ಸಿಗುತ್ತಾ ನೋಡಿ, ಒಂದು ರಾಸ್ಪ್‌ಬೆರಿ ಪೈನಲ್ಲಿ ಕಪ್ಸ್ ಹಾಕಿದ್ರೆ ಸಾಕು. ಈಗ ನಮ್ಮನೆ ಪ್ರಿಂಟರ್ ಅದಕ್ಕೇ ಜೋಡಿಸಿದೆ. ಆ ಡೆಸ್ಕ್‌ಟಾಪ್ ರಿಪೇರಿ ಆಗಿ ಬಂತು, ಅದೂ ಈಗ ಎಲ್ಲರ ಹಾಗೆ ಐಪಿಪಿಯಲ್ಲೇ ಕೇಳಿ ಪ್ರಿಂಟ್ ತಗೊಳ್ಳುತ್ತೆ.

ಮುಂದಿನ ವಾರ ಸಿಗೋಣ.