ಬಾಟಲಿಯ ಪ್ರಯಾಣ: ಒಣಹುಲ್ಲಿನಿಂದ ವಿಮಾನದವರೆಗೆ

ಪರದೇಶದಲ್ಲಿರುವ ಮಕ್ಕಳ ಮನೆಗೆ ಹೊರಟವರ ಸೂಟ್‌ಕೇಸಿನಲ್ಲಿ ಬಟ್ಟೆಬರೆಗಿಂತ ತಿಂಡಿ ತಿನಿಸಿನ ಭಾರವೇ ಹೆಚ್ಚು. ಹಪ್ಪಳ, ಚಟ್ನಿಪುಡಿಗಳದ್ದು ಚಿಂತೆಯಿಲ್ಲ. ಆದರೆ ಕರಾವಳಿಯವರ ಪುನರ್ಪುಳಿ ಶರಬತ್ತು, ಮಲೆನಾಡಿನವರ ಜೇನು ಇವೆಲ್ಲ ಬಾಟಲಿಯಲ್ಲೇ ಹೋಗಬೇಕು. ಬಾಟಲಿ ಎಂದೊಡನೆ ಮನೆಮಂದಿಗೆಲ್ಲ ಆತಂಕ. ಒಡೆದರೆ? ಸೋರಿದರೆ? ಮೇಲೆ ಹೋದಾಗ ಸಿಡಿದರೆ? ಕೈಚೀಲದಲ್ಲೇ ಇಟ್ಟುಕೊಳ್ಳೋಣವೆಂದರೆ ತಪಾಸಣೆಯವರು ಬಿಡುವುದಿಲ್ಲ.

ಈ ಆತಂಕ ವಿಮಾನದ ಜತೆಗೆ ಹುಟ್ಟಿದ್ದಲ್ಲ. ಪಾನೀಯವನ್ನು ಊರಿಂದೂರಿಗೆ ಸಾಗಿಸತೊಡಗಿದ ದಿನದಿಂದಲೂ ಅದು ಮನುಷ್ಯನ ಬೆನ್ನಿಗಿದೆ. ಆದರೆ ಒಂದು ವ್ಯತ್ಯಾಸವಿದೆ. ಎರಡು ಸಾವಿರ ವರ್ಷ ಅವನು ಬಾಟಲಿಗೆ ಏನಾಗುವುದೋ ಎಂದು ಹೆದರಿದ. ಬಾಟಲಿಯಿಂದ ಏನಾಗುವುದೋ ಎಂದು ಹೆದರತೊಡಗಿದ್ದು ಕಳೆದ ಮೂರು ದಶಕಗಳಲ್ಲಿ.

ಹಡಗಿನೊಳಗಿನ ಹುಲ್ಲು

ರೋಮನ್ನರ ದ್ರಾಕ್ಷಾರಸ ಸಾಗುತ್ತಿದ್ದುದು ಆಂಫೊರಾ ಎಂಬ ಎರಡು ಹಿಡಿಯ ಮಣ್ಣಿನ ಜಾಡಿಗಳಲ್ಲಿ. ಅವುಗಳ ತಳ ಚೂಪು. ನೆಲದ ಮೇಲೆ ನೆಟ್ಟಗೆ ನಿಲ್ಲದ ಜಾಡಿಯನ್ನು ಯಾಕೆ ಮಾಡಿದರು ಎಂದು ಯಾರಿಗಾದರೂ ಅನಿಸಬಹುದು. ಉತ್ತರವಿರುವುದು ಹಡಗಿನಲ್ಲಿ. ಕೆಳಗಿನ ಸಾಲಿನ ಜಾಡಿಗಳ ಭುಜಗಳ ನಡುವೆ ಮೇಲಿನ ಸಾಲಿನ ಚೂಪು ತಳ ಸರಿಯಾಗಿ ಕೂರುತ್ತಿತ್ತು. ಫ್ರಾನ್ಸಿನ ದಕ್ಷಿಣ ತೀರದ ಮದ್ರಾಗ್ ದ ಜಿಯಾಂ ಎಂಬಲ್ಲಿ ಕ್ರಿ.ಪೂ. 1ನೇ ಶತಮಾನದ ಹಡಗೊಂದು ಮುಳುಗಿತ್ತು. 1970ರ ದಶಕದಲ್ಲಿ ಪುರಾತತ್ವಜ್ಞರು ಅದನ್ನು ಶೋಧಿಸಿದಾಗ ಸಾವಿರಾರು ಆಂಫೊರಾಗಳು ಮೂರು ಅಂತಸ್ತಿನಲ್ಲಿ ಜೋಡಿಸಿಟ್ಟಂತೆಯೇ ಇದ್ದವು. ಒಂದಕ್ಕೊಂದು ತಾಗದಂತೆ ನಡುವೆ ಜೊಂಡು, ಕುರುಚಲು ಗಿಡಗಳನ್ನು ತುರುಕಲಾಗಿತ್ತು.

ಇಂಥ ಜಾಡಿಗಳು ನಮ್ಮ ದೇಶಕ್ಕೂ ಬಂದವು. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ 1945ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಆಂಫೊರಾದ ಚೂರುಗಳು ಸಿಕ್ಕವು. ಅಷ್ಟು ದೂರದ ಕಡಲಯಾನವನ್ನು ಮಣ್ಣಿನ ಜಾಡಿ ತಾಳಿಕೊಂಡಿದ್ದರೆ ಅದಕ್ಕೆ ಕಟ್ಟಿದವರ ಜಾಣ್ಮೆಯೇ ಕಾರಣ.

ನಮ್ಮಲ್ಲಿಯೂ ಇದೇ ಚಿಂತೆಗೆ ಬೇರೆಯ ಪರಿಹಾರವಿತ್ತು. ಕಾಶಿಯಾತ್ರೆ ಮಾಡಿಬಂದ ಹಿರಿಯರ ಮನೆಗಳ ದೇವರ ಕೋಣೆಯಲ್ಲಿ ಗಂಗಾಜಲದ ಪುಟ್ಟ ತಾಮ್ರದ ಗಿಂಡಿ ಇರುತ್ತದೆ. ಬಾಯಿಗೆ ಬೆಸುಗೆ ಹಾಕಿರುವುದರಿಂದ ಅದು ಸೋರದು, ಲೋಹವಾದ್ದರಿಂದ ಒಡೆಯದು. ಮನೆಯವರೊಬ್ಬರ ಕೊನೆಗಾಲದಲ್ಲಿ ಬಾಯಿಗೆ ಬಿಡಲೆಂದು ವರ್ಷಗಟ್ಟಲೆ ಕಾದಿಟ್ಟ ನೀರು ಅದು. 1902ರಲ್ಲಿ ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಇಂಗ್ಲೆಂಡಿಗೆ ಹೊರಟ ಜೈಪುರದ ಮಹಾರಾಜ ಎರಡನೇ ಮಾಧೋಸಿಂಗ್, ಕುಡಿಯಲು ಗಂಗಾಜಲವೇ ಬೇಕೆಂದು ಐದು ಅಡಿಗೂ ಎತ್ತರದ ಬೆಳ್ಳಿಯ ಹಂಡೆಗಳಲ್ಲಿ ಅದನ್ನು ಹಡಗಿಗೆ ಹೇರಿಸಿದ. ಆ ಹಂಡೆಗಳನ್ನು ಜೈಪುರದ ಅರಮನೆಯಲ್ಲಿ ಇಂದಿಗೂ ನೋಡಬಹುದು.

ಬಿರಡೆಗೆ ಕಟ್ಟಿದ ದಾರ

ಗಾಜಿನ ಬಾಟಲಿ ದೂರ ಪ್ರಯಾಣಕ್ಕೆ ತಕ್ಕಷ್ಟು ಗಟ್ಟಿಯಾದದ್ದು 17ನೇ ಶತಮಾನದಲ್ಲಿ. ಗಾಜಿನ ಕುಲುಮೆಗಳಿಗೆ ಸೌದೆ ಬಳಸಬಾರದೆಂದು ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್ 1615ರಲ್ಲಿ ಆಜ್ಞೆ ಹೊರಡಿಸಿದ. ಹಡಗು ಕಟ್ಟಲು ಮರ ಉಳಿಯಲಿ ಎಂಬುದು ಅವನ ಉದ್ದೇಶ. ಸೌದೆಯ ಬದಲಿಗೆ ಬಂದ ಕಲ್ಲಿದ್ದಲಿನ ಬಿಸಿ ಹೆಚ್ಚು. ಅದರಿಂದ ದಪ್ಪನೆಯ, ಕಡುಬಣ್ಣದ, ಗಟ್ಟಿ ಗಾಜು ಸಿಕ್ಕಿತು.

ಇದರ ದೊಡ್ಡ ಲಾಭ ಪಡೆದದ್ದು ಫ್ರಾನ್ಸಿನ ಶಾಂಪೇನ್ ಪ್ರಾಂತದ ನೊರೆಮದ್ಯ. 1728ರಲ್ಲಿ ಹದಿನೈದನೇ ಲೂಯಿ, ಆ ಮದ್ಯವನ್ನು 50 ಅಥವಾ 100 ಬಾಟಲಿಗಳ ಬುಟ್ಟಿಗಳಲ್ಲಿ ಸಾಗಿಸಲು ಅನುಮತಿ ಕೊಟ್ಟ. ಅಲ್ಲಿಯವರೆಗೆ ಅದು ಪೀಪಾಯಿಯಲ್ಲೇ ಹೋಗಬೇಕಿತ್ತು, ದಾರಿಯಲ್ಲೇ ನೊರೆ ಕಳೆದುಕೊಳ್ಳುತ್ತಿತ್ತು. 1735ರ ಇನ್ನೊಂದು ಆಜ್ಞೆ ಬಿರಡೆಯನ್ನು ಮೂರೆಳೆಯ ದಾರದಿಂದ ಅಡ್ಡಡ್ಡ ಕಟ್ಟಬೇಕೆಂದು ವಿಧಿಸಿತು. ಬಾಟಲಿಯೊಳಗಿನ ಒತ್ತಡ ಅಷ್ಟು ಜೋರು. ಇಂದಿನ ಶಾಂಪೇನ್ ಬಾಟಲಿಯಲ್ಲಿ ಕಾರಿನ ಟಯರಿನ ಎರಡು ಪಟ್ಟಿಗೂ ಹೆಚ್ಚು ಒತ್ತಡವಿರುತ್ತದೆ. ಆಗ ನೆಲಮಾಳಿಗೆಯ ಕೆಲಸಗಾರರು ಸಿಡಿಯುವ ಗಾಜಿಗೆ ಹೆದರಿ ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಳ್ಳುತ್ತಿದ್ದರು. ದಾರದ ಜಾಗಕ್ಕೆ ಲೋಹದ ಬಿಲ್ಲೆ, ತಂತಿ ಬಂದದ್ದು 1844ರಲ್ಲಿ, ಅಡಾಲ್ಫ್ ಜಾಕ್ಸನ್‌ನ ಪೇಟೆಂಟಿನಿಂದ.

ಒತ್ತಡವನ್ನೇ ಬಿರಡೆಯ ಕಾವಲಿಗೆ ಹಚ್ಚಿದವನು ಇಂಗ್ಲೆಂಡಿನ ಹೈರಮ್ ಕಾಡ್. 1872ರಲ್ಲಿ ಅವನು ಪೇಟೆಂಟ್ ಪಡೆದ ಬಾಟಲಿಯಲ್ಲಿ ಒಳಗಿನ ಅನಿಲವೇ ಗಾಜಿನ ಗೋಲಿಯನ್ನು ಬಾಯಿಗೆ ಒತ್ತಿ ಹಿಡಿಯುತ್ತಿತ್ತು. ನಮ್ಮ ಪೇಟೆಗಳ ಗೋಲಿಸೋಡ ಅದೇ.

ಆಕಾಶದಲ್ಲಿ ಬಾಟಲಿ

ಹಾಗಾದರೆ ವಿಮಾನದಲ್ಲಿ ಬಾಟಲಿ ಸಿಡಿಯುತ್ತದೆಯೆ? ಮಂಗಳೂರಿನಿಂದ ಮಡಿಕೇರಿಗೆ ಘಟ್ಟ ಹತ್ತುವಾಗ ಚಿಪ್ಸ್ ಪೊಟ್ಟಣ ಉಬ್ಬುವುದನ್ನು ಓದುಗರು ಗಮನಿಸಿರಬಹುದು. ಹೊರಗಿನ ಗಾಳಿಯ ಒತ್ತಡ ತಗ್ಗಿದಂತೆ ಒಳಗೆ ಸಿಕ್ಕಿಬಿದ್ದ ಗಾಳಿ ಹಿಗ್ಗುತ್ತದೆ. ಇದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮ.

ಜೆಟ್ ವಿಮಾನ 35,000 ಅಡಿ ಎತ್ತರದಲ್ಲಿ ಹಾರಿದರೂ ಒಳಗಿನ ಒತ್ತಡವನ್ನು ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದಲ್ಲಿರುವಷ್ಟಕ್ಕೆ ಕಾಯ್ದುಕೊಳ್ಳಲಾಗುತ್ತದೆ. ಇಂಥ ಏರ್ಪಾಡಿನ ಮೊದಲ ಪ್ರಯಾಣಿಕ ವಿಮಾನ, ಬೋಯಿಂಗ್ 307, ಸೇವೆಗೆ ಬಂದದ್ದು 1940ರಲ್ಲಿ. ಇಂದಿನ ಪ್ರಯಾಣಿಕ ಜೆಟ್‌ಗಳಲ್ಲಿ ಸಾಮಾನು ತುಂಬುವ ಕೆಳಕೋಣೆಯಲ್ಲೂ ಒತ್ತಡ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. 8,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲು. ಹಲವು ಪಟ್ಟು ಒತ್ತಡ ತಾಳುವಂತೆ ಮಾಡಿದ ಸೋಡಾ ಬಾಟಲಿಗೆ ಈ ಕಾಲುಭಾಗದ ವ್ಯತ್ಯಾಸ ದೊಡ್ಡದಲ್ಲ. ತೊಂದರೆ ಕೊಡುವುದು ಅರ್ಧ ಖಾಲಿಯಾದ, ಮುಚ್ಚಳ ಸಡಿಲವಿರುವ ಬಾಟಲಿ. ಒಳಗಿನ ಗಾಳಿ ಹಿಗ್ಗಿ ದ್ರವವನ್ನು ಹೊರಗೆ ದೂಡುತ್ತದೆ. ಹೀಗಾಗಿ ಪೂರ್ತಿ ತುಂಬಿದ, ಅಂಗಡಿಯ ಸೀಲು ಒಡೆಯದ ಬಾಟಲಿಯೇ ಕ್ಷೇಮ.

ನಿಜವಾದ ಶತ್ರು ಎತ್ತರವಲ್ಲ, ಪೆಟ್ಟು. ಸಾಮಾನು ಸಾಗಿಸುವ ಪಟ್ಟಿಯ ಮೇಲೆ ಸೂಟ್‌ಕೇಸು ಉರುಳುತ್ತದೆ, ಬೀಳುತ್ತದೆ. ಇದಕ್ಕೆ ಮದ್ದು ರೋಮನ್ನರದೇ: ಬಾಟಲಿಗೆ ಬಾಟಲಿ ತಾಗಬಾರದು, ಗೋಡೆಗೆ ಬಾಟಲಿ ತಾಗಬಾರದು. ಮುಚ್ಚಳಕ್ಕೆ ಟೇಪು ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ದಪ್ಪ ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನ ನಟ್ಟನಡುವೆ ಇಟ್ಟರೆ ಹಳೆಯ ಜೊಂಡುಹುಲ್ಲಿನ ಕೆಲಸವನ್ನು ಸೀರೆ, ಸ್ವೆಟರುಗಳು ಮಾಡುತ್ತವೆ. ಮದ್ಯಕ್ಕೆ ಮಾತ್ರ ಇನ್ನೊಂದು ಕಟ್ಟಳೆ. ಶೇ 24ರಿಂದ 70ರಷ್ಟು ಆಲ್ಕೋಹಾಲ್ ಇರುವ ಮದ್ಯ ತಲಾ 5 ಲೀಟರಿಗೆ ಸೀಮಿತ. 70 ದಾಟಿದ್ದನ್ನು, ಬೆಂಕಿ ಹೊತ್ತುವ ಭಯದಿಂದ, ಒಯ್ಯುವಂತೆಯೇ ಇಲ್ಲ.

ಬಾಟಲಿಯೇ ಭಯವಾದಾಗ

1994ರ ಡಿಸೆಂಬರ್ 11ರಂದು ಮನಿಲಾದಿಂದ ಸೆಬು ಮಾರ್ಗವಾಗಿ ಟೋಕಿಯೊಗೆ ಹೊರಟಿದ್ದ ಫಿಲಿಪ್ಪೀನ್ ಏರ್‌ಲೈನ್ಸ್ ವಿಮಾನದಲ್ಲಿ ಸ್ಫೋಟವಾಯಿತು. ಜಪಾನಿನ ಪ್ರಯಾಣಿಕನೊಬ್ಬ ಸತ್ತ. ಉಳಿದವರನ್ನು ಪೈಲಟ್ ಓಕಿನಾವಾದಲ್ಲಿ ಇಳಿಸಿದ. ದ್ರವ ಸ್ಫೋಟಕವನ್ನು ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವ ದ್ರಾವಣದ ಬಾಟಲಿಯಲ್ಲಿ ಒಳಗೆ ತರಲಾಗಿತ್ತು. ಇದನ್ನಿಟ್ಟವನು ರಮ್ಜಿ ಯೂಸುಫ್. ಆಗಲೂ ನಿಯಮ ಬದಲಾಗಲಿಲ್ಲ.

2006ರ ಆಗಸ್ಟ್ 10ರಂದು ಬ್ರಿಟಿಷ್ ಪೊಲೀಸರು ಇನ್ನೊಂದು ಸಂಚನ್ನು ಬಯಲಿಗೆಳೆದರು. ಲಂಡನ್ನಿನಿಂದ ಅಟ್ಲಾಂಟಿಕ್ ದಾಟುವ ಹಲವು ವಿಮಾನಗಳನ್ನು ತಂಪು ಪಾನೀಯದ ಬಾಟಲಿಗಳಲ್ಲಿ ತುಂಬಿದ ದ್ರವದಿಂದ ಸ್ಫೋಟಿಸುವ ಯೋಜನೆ ಅದು. ಆ ದಿನ ಹೀಥ್ರೂದಲ್ಲಿ ಮಗುವಿನ ಹಾಲನ್ನು ಕೂಡ ಜತೆಗಿದ್ದವರು ರುಚಿ ನೋಡಿ ತೋರಿಸಬೇಕಾಯಿತು. ಕೆಲವೇ ವಾರಗಳಲ್ಲಿ ಅಮೆರಿಕದಲ್ಲಿ, ನವೆಂಬರಿನಲ್ಲಿ ಯುರೋಪಿನಲ್ಲಿ ಹೊಸ ನಿಯಮ ಬಂತು. ಕೈಚೀಲದಲ್ಲಿ ಒಯ್ಯುವ ಪ್ರತಿ ದ್ರವದ ಡಬ್ಬಿ 100 ಮಿಲಿಲೀಟರಿನ ಆಸುಪಾಸಿನಲ್ಲಿರಬೇಕು, ಎಲ್ಲವೂ ಸುಮಾರು ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು. ಮಗುವಿನ ಹಾಲಿಗೆ, ಔಷಧಿಗೆ ಮಾತ್ರ ವಿನಾಯಿತಿ.

ಅಂದಿನಿಂದ ತಪಾಸಣೆಯ ಕಟ್ಟೆಯಲ್ಲಿ ಎಷ್ಟು ತಾಯಂದಿರ ಶರಬತ್ತು, ಎಷ್ಟು ಯಾತ್ರಿಕರ ತೀರ್ಥ ಕಸದ ಡಬ್ಬಿ ಸೇರಿತೋ! ಅದನ್ನು ಕಂಡು ಸಿಟ್ಟು ಬರುವುದು ಸಹಜ. ಆದರೆ ಆ ನಿಯಮದ ಹಿಂದೆ ಒಂದು ಸಾವಿದೆ, ತಪ್ಪಿಸಲಾದ ಹಲವು ಸಾವುಗಳಿವೆ ಎಂಬುದನ್ನು ಮರೆಯುವಂತಿಲ್ಲ. ದ್ರವದ ಗುಣವನ್ನೇ ಗುರುತಿಸುವ ಹೊಸ ಸ್ಕ್ಯಾನರುಗಳು ಬಂದಂತೆ ಈಚೆಗೆ ಕೆಲವು ವಿಮಾನ ನಿಲ್ದಾಣಗಳು ಈ ಮಿತಿಯನ್ನು ಸಡಿಲಿಸತೊಡಗಿವೆ. ಎಲ್ಲೆಡೆ ಅದು ಬರುವವರೆಗೆ ಶರಬತ್ತಿನ ಜಾಗ ಕೈಚೀಲವಲ್ಲ, ದೊಡ್ಡ ಸೂಟ್‌ಕೇಸಿನ ನಡುಭಾಗ. ಕಟ್ಟುವ ಕೈಗಳಿಗೆ ತುಸು ತಾಳ್ಮೆಯಿದ್ದರೆ ಅದು ಏಳು ಕಡಲಾಚೆಗೂ ಹನಿ ಚೆಲ್ಲದೆ ತಲುಪುತ್ತದೆ.