ಎರಡನೆಯ ಕೊಡದ ನೀರು: ನಮ್ಮ ಮನೆಯ ಕಲೆಗಳಲ್ಲಿ ನಿಸರ್ಗ



ವಚನಗಳನ್ನು ಓದುವಾಗ ನಮ್ಮ ಮನಸ್ಸನ್ನು ಮೊದಲು ಸೆಳೆಯುವುದು ಅವುಗಳಲ್ಲಿ ಬರುವ ಗಿಡಮರ, ಹಕ್ಕಿ, ಹೊಳೆ, ಹೊಲಗಳ ಉಪಮೆಗಳು. ಅಕ್ಕಮಹಾದೇವಿಯು ವನದ ಗಿಳಿ, ಕೋಗಿಲೆ, ತುಂಬಿ, ಹಂಸೆ, ನವಿಲುಗಳನ್ನೇ ಕರೆದು ತನ್ನ ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಕೇಳಿದಳೆಂಬುದನ್ನು ತಾವೆಲ್ಲರೂ ಬಲ್ಲಿರಿ. ಆದರೆ ಅದೇ ಗಿಳಿ, ಅದೇ ಹಂಸೆ, ಅದೇ ನವಿಲುಗಳು ಅಕ್ಷರವನ್ನೇ ಕಲಿಯದ ಅಸಂಖ್ಯ ತಾಯಂದಿರ ಕೈಯಲ್ಲಿ ಸೀರೆಯ ಸೆರಗಿನ ಮೇಲೂ ಮನೆಯ ಗೋಡೆಯ ಮೇಲೂ ಮಕ್ಕಳಿಗೆ ಹೇಳುವ ಕಥೆಯೊಳಗೂ ನೆಲೆಗೊಂಡವು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಆ ತಾಯಂದಿರು ನಿಸರ್ಗದಿಂದ ಏನನ್ನು ಪಡೆದರು, ಹೇಗೆ ಪಡೆದರು, ಪಡೆದುದಕ್ಕೆ ಪ್ರತಿಯಾಗಿ ಏನನ್ನು ಸಲ್ಲಿಸಿದರು ಎಂಬುದನ್ನು ಈ ಲೇಖನದಲ್ಲಿ ಯಥಾಮತಿ ವಿವೇಚಿಸಲಾಗಿದೆ.

ಕನ್ನಡ ನೆಲದಲ್ಲಿ ಕಲೆಯು ನಿಸರ್ಗವನ್ನು ಆಶ್ರಯಿಸಿದ ಇತಿಹಾಸವು ಬಹು ಹಳೆಯದು. ಬಾದಾಮಿಯ ಮೂರನೆಯ ಗುಹಾಲಯವು ಕ್ರಿ.ಶ. 578ರದೆಂದು ಅಲ್ಲಿಯ ಶಾಸನದಿಂದಲೇ ತಿಳಿಯುತ್ತದೆ. ಅದರ ಕಂಬಗಳ ಮೇಲ್ಭಾಗದ ಬೋದಿಗೆಗಳಲ್ಲಿ ತುಂಬಿದ ಮರಗಳ ನೆರಳಿನಲ್ಲಿ ನಿಂತ ಸ್ತ್ರೀಪುರುಷರನ್ನು ಶಿಲ್ಪಿಗಳು ಕಡೆದಿದ್ದಾರೆ. ಕಲ್ಲಿನಲ್ಲಿಯೂ ಮನುಷ್ಯನು ಮರವನ್ನು ಬಿಟ್ಟು ನಿಲ್ಲಲಿಲ್ಲ. ಮುಂದೆ ಹನ್ನೆರಡನೆಯ ಶತಮಾನದಲ್ಲಿ, ಶರಣರ ಚಳವಳಿಗೆ ಕೆಲವೇ ದಶಕಗಳ ಮೊದಲು, ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಗೋಡೆಯ ಚಿತ್ರಕ್ಕೆ ನೆಲೆಯನ್ನು ಸಿದ್ಧಪಡಿಸುವ ಕ್ರಮವನ್ನೂ ಬಣ್ಣಗಳನ್ನೂ ವಿವರಿಸುವ ಆ ಗ್ರಂಥವು ಚಿತ್ರದ ಬಗೆಗಳನ್ನು ಹೇಳುವಾಗ ‘ಧೂಳಿಚಿತ್ರ’ವನ್ನೂ, ಅಂದರೆ ಪುಡಿಯಿಂದ ಬಿಡಿಸುವ ರಂಗವಲ್ಲಿಯನ್ನೂ, ಎಣಿಸುತ್ತದೆ. ಅಂಗಳದಲ್ಲಿ ಬೆಳಗಿಗೆ ಮೂಡಿ ಸಂಜೆಗೆ ಅಳಿಸಿಹೋಗುವ ರಂಗೋಲಿಯನ್ನು ಅರಸನೊಬ್ಬನ ಗ್ರಂಥವು ಚಿತ್ರವೆಂದು ಗೌರವಿಸಿದ್ದು ಸಾಮಾನ್ಯ ಸಂಗತಿಯಲ್ಲ. ಮನೆಯ ಕಲೆಗೆ ಈ ನಾಡಿನಲ್ಲಿ ಅಂದಿನಿಂದಲೂ ಮನ್ನಣೆ ಇತ್ತೆಂಬುದಕ್ಕೆ ಇದೊಂದು ನಿದರ್ಶನ.

ಈಗ ಅರಮನೆಯಿಂದ ಮನೆಯೊಳಕ್ಕೆ ಬರೋಣ. ಮೊದಲನೆಯದು ಸೀರೆ.

ಧಾರವಾಡ ಸೀಮೆಯ ಕಸೂತಿಯು ಲೋಕಪ್ರಸಿದ್ಧವಾದುದು. ಇಳಕಲ್ಲ ಸೀರೆಯ ಮೇಲೆ, ಮದುವಣಗಿತ್ತಿಯ ಕಪ್ಪು ಚಂದ್ರಕಾಳಿಯ ಮೇಲೆ, ಕುಪ್ಪಸದ ಖಣದ ಮೇಲೆ, ಹಸುಗೂಸಿನ ಕುಂಚಿಗೆಯ ಮೇಲೆ ನಮ್ಮ ಅಜ್ಜಿಯಂದಿರು ತೇರು, ಗೋಪುರ, ನಂದಿ, ಅಂಬಾರಿ ಹೊತ್ತ ಆನೆ, ಕಮಲ, ನವಿಲು, ಗಿಳಿ, ಹಂಸೆಗಳನ್ನು ಹೊಲಿದರು. ಇದರಲ್ಲಿ ನಾಲ್ಕು ಬಗೆಯ ಹೊಲಿಗೆಗಳುಂಟು: ಗವಂತಿ, ಮುರಗಿ, ನೇಗಿ ಮತ್ತು ಮೆಂತೆ. ಕತ್ತರಿಯಾಕಾರದ ಚಿಕ್ಕ ಚಿಕ್ಕ ಹೊಲಿಗೆಗಳಿಂದ ತುಂಬುವ ಕೊನೆಯದಕ್ಕೆ ಅಡುಗೆಮನೆಯ ಮೆಂತೆಯ ಕಾಳಿನ ಹೆಸರೇ ಬಂದಿರುವುದನ್ನು ಗಮನಿಸಬೇಕು. ಹೊಲಿಗೆಯ ಹೆಸರಿಗೂ ಅವರು ದೂರ ಹೋಗಲಿಲ್ಲ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರವನ್ನು ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಒಂದೊಂದಾಗಿ ಎಣಿಸುತ್ತಲೇ ಸೂಜಿ ನಡೆಯಬೇಕು. ಎಳೆಯನ್ನು ಎಣಿಸಿ ನಡೆಯುವ ಸೂಜಿಗೆ ಅಡ್ಡ, ಉದ್ದ, ಓರೆ ಎಂಬ ದಾರಿಗಳಷ್ಟೇ ಇರುತ್ತವೆ. ನವಿಲಿನ ಕತ್ತು ಬಳುಕುತ್ತದೆ. ಸೂಜಿಯ ದಾರಿ ಬಳುಕಲೊಲ್ಲದು. ಹಾಗಿದ್ದ ಮೇಲೆ ನವಿಲನ್ನು ಇದ್ದಕ್ಕಿದ್ದ ಹಾಗೆ ತಂದು ಬಟ್ಟೆಯ ಮೇಲೆ ಕೂರಿಸುವುದು ಸಾಧ್ಯವೇ ಇಲ್ಲ. ಹೊಲಿಯುವವಳು ನವಿಲನ್ನು ದಿಟ್ಟಿಸಿ ನೋಡಿ, ಏನನ್ನು ಬಿಟ್ಟರೂ ಅದು ನವಿಲಾಗಿಯೇ ಉಳಿಯುತ್ತದೆ, ಏನನ್ನು ಬಿಟ್ಟರೆ ಅದು ನವಿಲಾಗದು ಎಂಬುದನ್ನು ನಿರ್ಧರಿಸಬೇಕಾಗುತ್ತಿತ್ತು. ತಲೆಯ ತುರಾಯಿ, ಹರಡಿದ ಗರಿ, ನಿಂತ ಠೀವಿ, ಇಷ್ಟು ಉಳಿಯಿತು, ಉಳಿದುದು ಹೋಯಿತು. ಶರಣರು ಒಂದು ಉಪಮೆಯಲ್ಲಿ ಇಡೀ ಅನುಭವವನ್ನು ಹಿಡಿದಿಟ್ಟಂತೆ, ಈ ತಾಯಿಯು ಕೆಲವೇ ಗೆರೆಗಳಲ್ಲಿ ಹಕ್ಕಿಯನ್ನು ಹಿಡಿದಳು. ಅಂತಹ ನೋಟವು ಹಕ್ಕಿಯನ್ನು ನಿತ್ಯವೂ ಕಾಣುವವರಿಗೆ ಮಾತ್ರ ಬರತಕ್ಕದ್ದು.

ಇನ್ನು ಗವಂತಿಯ ಕ್ರಮವನ್ನು ಕೊಂಚ ವಿವರವಾಗಿ ನೋಡೋಣ. ಸೂಜಿಯು ಒಂದು ಹೊಲಿಗೆ ಹಾಕಿ ಒಂದು ಹೊಲಿಗೆಯಷ್ಟು ಜಾಗ ಬಿಡುತ್ತ ಮುಂದೆ ಸಾಗುತ್ತದೆ. ಹೋಗುವಾಗ ಚಿತ್ರವು ಅರ್ಧವೇ ಆಗಿರುತ್ತದೆ. ತುದಿಯನ್ನು ಮುಟ್ಟಿ ಅದೇ ದಾರಿಯಲ್ಲಿ ಹಿಂದಿರುಗುವಾಗ, ಬಿಟ್ಟ ಜಾಗಗಳೆಲ್ಲ ತುಂಬಿ ಗೆರೆಯು ಪೂರ್ಣವಾಗುತ್ತದೆ. ಹೀಗೆ ಹೊಲಿದ ಬಟ್ಟೆಯ ಎರಡು ಮಗ್ಗುಲೂ ಒಂದೇ ರೂಪದಲ್ಲಿ ಕಾಣುತ್ತವೆ. ಹಿಂದುಗಡೆ ಗಂಟು ಕಾಣುವುದಿಲ್ಲ. ಎಣಿಕೆಯು ನಡುವೆ ಎಲ್ಲಿ ತಪ್ಪಿದರೂ ಸೂಜಿಯು ಹೊರಟ ಜಾಗಕ್ಕೆ ಮರಳಲಾರದು. ಹೊರಗೂ ಒಳಗೂ ಒಂದೇ ಆಗಿರಬೇಕೆಂಬ ಮಾತನ್ನು ನಾವು ಪ್ರವಚನಗಳಲ್ಲಿ ಕೇಳುತ್ತೇವೆ. ಅದನ್ನು ನಮ್ಮ ಹಿರಿಯ ತಾಯಂದಿರು ಬಟ್ಟೆಯ ಮೇಲೆ ದಿನವೂ ಆಚರಿಸುತ್ತಿದ್ದರು. ‘ಹೋದ ದಾರಿಯಲ್ಲಿ ಮರಳಿ ಬಂದಾಗಲೇ ಚಿತ್ರ ಪೂರ್ಣ’ ಎಂಬ ಈ ನಿಯಮವನ್ನು ದಯವಿಟ್ಟು ನೆನಪಿನಲ್ಲಿ ಇರಿಸಿಕೊಳ್ಳಬೇಕು.

ಎರಡನೆಯದು ಗೋಡೆ.

ಬಯಲುಸೀಮೆಯಿಂದ ಮಲೆನಾಡಿನ ಕಡೆಗೆ ಹೊರಟರೆ ಶಿವಮೊಗ್ಗ ಜಿಲ್ಲೆಯ ಸಾಗರ ಮೊದಲಾದ ಕಡೆಗಳಲ್ಲಿ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನು ಕಾಣುತ್ತೇವೆ. ಹಸೆ ಎಂದರೆ ಮದುಮಕ್ಕಳು ಕುಳಿತುಕೊಳ್ಳುವ ಮಂಗಳಸ್ಥಾನ. ಅದರ ಹಿಂದಿನ ಗೋಡೆಯನ್ನು ಕೆಮ್ಮಣ್ಣಿನಿಂದ ಸಾರಿಸಿ ಅದರ ಮೇಲೆ ಈ ಚಿತ್ತಾರವನ್ನು ಬರೆಯುತ್ತಾರೆ. ಇದರ ಸಾಮಗ್ರಿಗಳಾವುವೂ ಅಂಗಡಿಯಿಂದ ಬರುತ್ತಿರಲಿಲ್ಲ. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಕಪ್ಪಗೆ ಹುರಿದ ಅಕ್ಕಿಯಿಂದ ಕಪ್ಪು, ಮಣ್ಣಿನಿಂದ ಕೆಂಪು, ಗುರಿಗೆಯ ಕಾಯಿಯಿಂದ ಹಳದಿ; ಪುಂಡಿಯ ನಾರೇ ಕುಂಚ. ಚಿತ್ತಾರದಲ್ಲಿ ಭತ್ತದ ಪೈರು, ಮರ, ಹಕ್ಕಿ, ದಂಡಿಗೆ, ಬಾಸಿಂಗಗಳು ನೇರ ಗೆರೆಗಳ ಲೆಕ್ಕದಲ್ಲಿಯೇ ಮೂಡುತ್ತವೆ. ಗದ್ದೆಯ ಭತ್ತವು ಅಕ್ಕಿಯಾಗಿ, ಅಕ್ಕಿಯು ಬಣ್ಣವಾಗಿ, ಆ ಬಣ್ಣವು ಮತ್ತೆ ಗೋಡೆಯ ಮೇಲೆ ಭತ್ತದ ಪೈರಾಗಿ ನಿಲ್ಲುತ್ತದೆ. ಮನೆಯ ಅಲಂಕಾರವೆಂಬುದು ಮನೆಯ ಸುತ್ತಲಿನ ಲೋಕದಿಂದ ಬೇರೆಯಾಗಿ ಇರಲಿಲ್ಲ.

ಇದೇ ಕೈಗಳು ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆಯೂ ಚಿತ್ತಾರ ಬರೆಯುತ್ತವೆ. ಆಶ್ವಯುಜ ಮಾಸದ ಹುಣ್ಣಿಮೆಯ ಹೊತ್ತಿಗೆ ಗದ್ದೆಯ ಪೈರು ತೆನೆ ಕಟ್ಟುವ ಸ್ಥಿತಿಯಲ್ಲಿ ಇರುತ್ತದೆ. ಆಗ ಭೂಮಿತಾಯಿಯು ಬಸುರಿ ಎಂಬುದು ಒಕ್ಕಲು ಮಕ್ಕಳ ಭಾವನೆ. ಬಸುರಿಗೆ ಬಯಕೆಯ ಊಟ ಬಡಿಸುವಂತೆ ಬಗೆಬಗೆಯ ಅಡುಗೆಯನ್ನು ಚಿತ್ತಾರದ ಬುಟ್ಟಿಯಲ್ಲಿ ಹೊತ್ತೊಯ್ದು ಗದ್ದೆಗೆ ಅರ್ಪಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಇದೇ ಹುಣ್ಣಿಮೆಯು ಸೀಗಿ ಹುಣ್ಣಿಮೆ. ಹೊಲದಲ್ಲಿ ಚರಗ ಚೆಲ್ಲುವ ಸಂಪ್ರದಾಯವು ನಮ್ಮ ಬಹುಪಾಲು ಭಕ್ತಾದಿಗಳಿಗೆ ಸ್ವಂತ ಅನುಭವದ ಸಂಗತಿಯೇ ಆಗಿದೆ. ಇಲ್ಲಿ ಒಂದು ಮುಖ್ಯವಾದ ಅಂಶವಿದೆ. ಯಾವ ನೆಲದಿಂದ ಕೆಂಪನ್ನೂ ಬಿಳಿಯನ್ನೂ ರೂಪವನ್ನೂ ಪಡೆದರೋ ಆ ನೆಲಕ್ಕೇ ಅನ್ನವನ್ನು ಮರಳಿಸಿದರು. ಅದನ್ನು ಬರಿಗೈಯಲ್ಲಿ ಮರಳಿಸಲಿಲ್ಲ. ತಮ್ಮ ಅತ್ಯುತ್ತಮ ಚಿತ್ತಾರದ ಬುಟ್ಟಿಯಲ್ಲಿ ಇಟ್ಟು ಮರಳಿಸಿದರು. ಗವಂತಿಯ ಸೂಜಿಯು ಹೊರಟ ದಾರಿಯಲ್ಲಿ ಹಿಂದಿರುಗಿದಂತೆಯೇ ಇದು ಕೂಡ.

ಮೂರನೆಯದು ಕಥೆ.

ವಚನಗಳನ್ನು ಇಂಗ್ಲಿಷಿಗೆ ಅನುವಾದಿಸಿ 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಎಂಬ ಸಂಕಲನದ ಮೂಲಕ ಲೋಕಕ್ಕೆ ಪರಿಚಯಿಸಿದ ಎ. ಕೆ. ರಾಮಾನುಜನ್ (1929–1993) ಅವರು ಅಮೆರಿಕಕ್ಕೆ ತೆರಳುವ ಮುನ್ನ 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಅವರು ನಮ್ಮ ಸೀಮೆಯ ಅಜ್ಜಿಯರು, ಅತ್ತೆಯರು ಮಕ್ಕಳಿಗೆ ಹೇಳುತ್ತಿದ್ದ ಕಥೆಗಳನ್ನೂ ಆಸ್ಥೆಯಿಂದ ಸಂಗ್ರಹಿಸಿದರು. ಅವುಗಳಲ್ಲಿ ಒಂದು ಹೂವಿನ ಮರವಾಗುವ ಹುಡುಗಿಯ ಕಥೆ. ಅದರ ಹೆಸರನ್ನೇ ಹೊತ್ತ ಅವರ ಜನಪದ ಕಥಾಸಂಕಲನವು ಅವರ ನಿಧನಾನಂತರ 1997ರಲ್ಲಿ ಪ್ರಕಟವಾಯಿತು. ಗಿರೀಶ ಕಾರ್ನಾಡರು 1992ರಲ್ಲಿ ಈ ಕಥೆಯನ್ನು ಆಧರಿಸಿ ‘ಚೆಲುವಿ’ ಎಂಬ ಹಿಂದಿ ಚಲನಚಿತ್ರವನ್ನು ನಿರ್ದೇಶಿಸಿದರು. 2006ರಲ್ಲಿ ಅಮೆರಿಕದ ಸಂಗೀತ ಸಂಯೋಜಕ ಜಾನ್ ಆಡಮ್ಸ್ ಅವರು ಇದನ್ನೇ ಆಪೆರಾ ಆಗಿಸಿದರು, ಅದು ವಿಯೆನ್ನಾ ನಗರದಲ್ಲಿ ಮೊದಲ ಪ್ರದರ್ಶನ ಕಂಡಿತು. ಕನ್ನಡದ ಒಲೆಯ ಮುಂದಿನ ಕಥೆಯೊಂದು ಅಷ್ಟು ದೂರ ನಡೆಯಿತು.

ಕಥೆಯ ಸಾರವಿಷ್ಟು. ಬಡ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿಯ ಕಷ್ಟವನ್ನು ನೋಡಲಾರದೆ ಕಿರಿಯವಳು ಅಕ್ಕನಿಗೆ ಹೇಳುತ್ತಾಳೆ: ಉಗುರು ಸೋಂಕದಂತೆ ಎರಡು ಕೊಡ ನೀರು ತಾ, ಮೊದಲನೆಯ ಕೊಡವನ್ನು ನನ್ನ ಮೇಲೆ ಸುರಿದರೆ ನಾನು ಹೂವಿನ ಮರವಾಗುತ್ತೇನೆ, ಎಲೆ ಹರಿಯದೆ, ಕೊಂಬೆ ಮುರಿಯದೆ ಹೂ ಬಿಡಿಸಿಕೊ, ಬಳಿಕ ಎರಡನೆಯ ಕೊಡವನ್ನು ಸುರಿದರೆ ಮತ್ತೆ ಮನುಷ್ಯಳಾಗುತ್ತೇನೆ. ಅಕ್ಕನು ಹಾಗೆಯೇ ಮಾಡುತ್ತಾಳೆ. ಹೂ ಮಾರಿ ಮನೆ ನಡೆಯುತ್ತದೆ. ರಾಜಕುಮಾರನು ಗುಟ್ಟನ್ನರಿತು ಅವಳನ್ನು ಮದುವೆಯಾಗುತ್ತಾನೆ. ಆದರೆ ಒಂದು ದಿನ ನಾದಿನಿಯು ಗೆಳತಿಯರೊಡನೆ ಅವಳನ್ನು ತೋಟಕ್ಕೆ ಕರೆದೊಯ್ದು ಮರವಾಗೆಂದು ಕಾಡುತ್ತಾಳೆ. ಹುಡುಗಿಯರು ಆಸೆಗೆ ಬಿದ್ದು ಕೊಂಬೆಗಳನ್ನು ಮುರಿದು ಹೂ ಕಿತ್ತು, ಎರಡನೆಯ ಕೊಡವನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿ ಓಡಿಹೋಗುತ್ತಾರೆ. ಅವಳು ಕೈಕಾಲುಗಳಿಲ್ಲದ ಅರ್ಧ ದೇಹವಾಗಿ ಚರಂಡಿಯಲ್ಲಿ ಬೀಳುತ್ತಾಳೆ. ಬಹುಕಾಲದ ಬಳಿಕ ಗಂಡನು ಅವಳನ್ನು ಕಂಡು, ಮತ್ತೆ ನೀರು ಸುರಿದು ಮರವಾಗಿಸಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಸರಿಪಡಿಸಿ, ಎರಡನೆಯ ಕೊಡದ ನೀರನ್ನು ಸುರಿದಾಗ ಅವಳು ಪೂರ್ಣಳಾಗುತ್ತಾಳೆ.

ಈ ಕಥೆಯನ್ನು ಕೇಳುತ್ತ ನಿದ್ರೆಗೆ ಜಾರಿದ ಮಗುವಿಗೆ ಯಾವ ನೀತಿಬೋಧೆಯೂ ಬೇಕಾಗಲಿಲ್ಲ. ಹೂ ಕೀಳುವುದು ತಪ್ಪೆಂದು ಕಥೆಯು ಎಲ್ಲಿಯೂ ಹೇಳುವುದಿಲ್ಲ; ಹೂವಿನಿಂದಲೇ ಆ ಮನೆಯ ಒಲೆ ಉರಿಯಿತು. ಅಕ್ಕನೂ ಹೂ ಬಿಡಿಸಿದಳು, ನಾದಿನಿಯೂ ಬಿಡಿಸಿದಳು. ಅಕ್ಕನ ಕಣ್ಣಿಗೆ ಮರದೊಳಗೆ ತಂಗಿ ಕಾಣುತ್ತಿದ್ದಳು. ನಾದಿನಿಯ ಕಣ್ಣಿಗೆ ಹೂ ಮಾತ್ರ ಕಾಣುತ್ತಿತ್ತು. ಎರಡನೆಯ ಕೊಡವನ್ನು ಅಕ್ಕನು ಎಂದೂ ಮರೆಯಲಿಲ್ಲ.

ಸೀರೆ, ಗೋಡೆ, ಕಥೆ ಈ ಮೂರರಲ್ಲಿಯೂ ಒಂದೇ ತತ್ತ್ವವು ಹರಿದುಬಂದಿರುವುದನ್ನು ಈಗ ಕಾಣಬಹುದು. ಸೂಜಿಯ ಮರುಪಯಣ, ಭೂಮಿಗೆ ಕೊಟ್ಟ ಬಯಕೆಯೂಟ, ಎರಡನೆಯ ಕೊಡದ ನೀರು, ಇವು ಮೂರೂ ಪಡೆದುದನ್ನು ಮರಳಿಸುವ ಕ್ರಮಗಳೇ ಆಗಿವೆ. ದಾಸೋಹವೆಂಬ ಮಾತಿನ ಅರ್ಥವನ್ನು ಬಲ್ಲ ನಮಗೆ ಇದು ಹೊಸದಲ್ಲ.

ಆದರೆ ಇಂದಿನ ಸ್ಥಿತಿಯೇನು? ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ, ಸಂತೋಷ. ಆದರೂ ಅಂಗಡಿಯಲ್ಲಿ ಕಸೂತಿಯ ಹೆಸರಿನಲ್ಲಿ ಸಿಗುವ ಎಷ್ಟೋ ಸೀರೆಗಳ ಮೇಲೆ ಯಂತ್ರದ ಹೊಲಿಗೆ ಇಲ್ಲವೆ ಬರಿಯ ಅಚ್ಚು ಇರುತ್ತದೆ. ಬಟ್ಟೆಯನ್ನು ತಿರುವಿ ನೋಡಿದರೆ ಹಿಂಬದಿಯೇ ಸತ್ಯವನ್ನು ಹೇಳುತ್ತದೆ. ಇಳಕಲ್ಲ ಸೀರೆಯ ತೋಪು ತೆನೆ ಸೆರಗನ್ನು ಹೊದ್ದ ನಮ್ಮ ಮಕ್ಕಳಲ್ಲಿ ಜೋಳದ ತೆನೆಯನ್ನು ಕೈಯಲ್ಲಿ ಹಿಡಿದು ನೋಡಿದವರು ಎಷ್ಟು ಜನ? ತೆನೆ ಎಂದರೆ ಕೋಟೆಯ ತಲೆಯ ಹಲ್ಲಿನ ಸಾಲೂ ಹೌದು, ಹೊಲದ ಜೋಳದ ತೆನೆಯೂ ಹೌದು ಎಂಬ ಸೊಗಸು ಎರಡನ್ನೂ ಕಾಣದವರಿಗೆ ತಿಳಿಯುವುದೆಂತು? ವಿನ್ಯಾಸವು ಉಳಿದು, ಅದು ಹುಟ್ಟಿದ ನೋಟವು ಅಳಿದರೆ, ನಾವು ಮೊದಲ ಕೊಡವನ್ನಷ್ಟೇ ಸುರಿದು ಹೂ ಕಿತ್ತುಕೊಂಡು ಮನೆಗೆ ಬಂದಂತಾಗುವುದಿಲ್ಲವೆ? ಕೆರೆಯು ಬತ್ತಿದ ಊರಿನ ಸೀರೆಯ ಮೇಲೆ ಹಂಸೆಯು ಎಷ್ಟು ತಲೆಮಾರು ಈಜೀತು?

ಆದುದರಿಂದ ಭಕ್ತಾದಿಗಳಲ್ಲಿ ಒಂದು ಸವಿನಯ ಪ್ರಾರ್ಥನೆ. ತಮ್ಮ ಮನೆಯ ಪೆಟ್ಟಿಗೆಯಲ್ಲಿ ಅಜ್ಜಿಯ ಕಸೂತಿ ಸೀರೆಯಿದ್ದರೆ ಅದನ್ನು ಹೊರತೆಗೆದು ಮಕ್ಕಳಿಗೆ ಎರಡೂ ಮಗ್ಗುಲನ್ನು ತೋರಿಸಿರಿ. ಬರುವ ಸೀಗಿ ಹುಣ್ಣಿಮೆಗೆ ಅವರನ್ನು ಹೊಲಕ್ಕೆ ಕರೆದೊಯ್ದು ಚರಗ ಚೆಲ್ಲುವುದನ್ನು ಅವರ ಕೈಯಿಂದಲೇ ಮಾಡಿಸಿರಿ. ರಾತ್ರಿ ಮಲಗುವ ಮುನ್ನ ಹೂವಿನ ಮರದ ಹುಡುಗಿಯ ಕಥೆಯನ್ನು ಹೇಳಿರಿ. ಮರುದಿನ ಆ ಮಗುವು ಅಂಗಳದ ದಾಸವಾಳದ ಮುಂದೆ ನಿಂತು, ಕೊಂಬೆಯನ್ನು ಒಂದು ಕೈಯಲ್ಲಿ ಮೆಲ್ಲನೆ ಹಿಡಿದು ಇನ್ನೊಂದರಿಂದ ಹೂ ಬಿಡಿಸಿ, ಬುಡಕ್ಕೆ ಒಂದು ತಂಬಿಗೆ ನೀರು ಎರೆದರೆ, ಕಥೆ ಹೇಳಿದ್ದು ಸಾರ್ಥಕವಾಯಿತೆಂದು ತಿಳಿಯಿರಿ.