ಸ್ವಯಂಸೇವಕ ಋತುವೀಕ್ಷಣೆ

ಮರ ಚಿಗುರುವುದು, ಹೂ ಬಿಡುವುದು, ಹಣ್ಣಾಗುವುದು, ಎಲೆ ಉದುರಿಸುವುದು. ವಲಸೆ ಹಕ್ಕಿ ಬಂದಿಳಿಯುವುದು, ಗೂಡು ಕಟ್ಟುವುದು, ಹಿಂದಿರುಗುವುದು. ಇಂಥ ಕಾಲಿಕ ಬದಲಾವಣೆಗಳನ್ನು ವೃತ್ತಿಯಿಂದ ವಿಜ್ಞಾನಿಗಳಲ್ಲದವರು ಒಂದೇ ಕ್ರಮದಲ್ಲಿ ವರ್ಷಾನುಗಟ್ಟಲೆ ನೋಡಿ ಬರೆದಿಡುವ ಕೆಲಸವೇ ಸ್ವಯಂಸೇವಕ ಋತುವೀಕ್ಷಣೆ. ಈ ಬದಲಾವಣೆಗಳ ಶಾಸ್ತ್ರೀಯ ಅಧ್ಯಯನವನ್ನು ಫಿನಾಲಜಿ ಎನ್ನುತ್ತಾರೆ. ಬೆಲ್ಜಿಯಂನ ಸಸ್ಯವಿಜ್ಞಾನಿ ಚಾರ್ಲ್ಸ್ ಮೊರೆನ್ 1849ರಲ್ಲಿ ಈ ಹೆಸರನ್ನು ಬಳಕೆಗೆ ತಂದ. ಭಾರತದಲ್ಲಿ ಇದರ ಸಂಘಟಿತ ರೂಪ 2007ರಿಂದ ಈಚಿನದು. ಅದರ ತವರು ಬೆಂಗಳೂರು.

ಹಿನ್ನೆಲೆ

ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂಗಳು ತುಂಬಿ ಅರಳಿದ ದಿನಗಳನ್ನು ಅರಮನೆಯ ಹಾಗೂ ಮಠಗಳ ದಿನಚರಿಗಳಿಂದ ಹೆಕ್ಕಿ ಸಾಲುಗಟ್ಟಿಸಲಾಗಿದೆ. ಅದರ ಮೊದಲ ನಮೂದು ಕ್ರಿ.ಶ. 812ರದು. ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಜಮೀನುದಾರ ರಾಬರ್ಟ್ ಮಾರ್ಷಮ್ 1736ರಲ್ಲಿ ವಸಂತದ ಸೂಚನೆಗಳನ್ನು ಬರೆದಿಡಲು ಆರಂಭಿಸಿದ. ಅವನ ವಂಶದವರು 1958ರವರೆಗೂ ಅದನ್ನು ನಡೆಸಿಕೊಂಡು ಬಂದರು. ಲಿನೇಯಸ್ 1751ರ ತನ್ನ 'ಫಿಲಾಸಫಿಯಾ ಬೊಟಾನಿಕಾ' ಗ್ರಂಥದಲ್ಲಿ ಮರಗಳ ಚಿಗುರು, ಹೂ, ಹಣ್ಣು, ಎಲೆ ಉದುರುವಿಕೆಗಳ ಪಂಚಾಂಗವನ್ನು ಹೇಗೆ ಸಿದ್ಧಪಡಿಸಬೇಕೆಂದು ವಿಧಿಸಿದ. ಈ ಮೂರೂ ಸಮಶೀತೋಷ್ಣ ವಲಯದ ಉದಾಹರಣೆಗಳು ಎಂಬುದನ್ನು ನೆನಪಿಡಬೇಕು. ಅಲ್ಲಿ ಚಳಿ ಮುಗಿದು ಎಲ್ಲವೂ ಒಮ್ಮೆಗೇ ಎಚ್ಚರಗೊಳ್ಳುತ್ತದೆ, 'ಮೊದಲ ಹೂವಿನ ದಿನ' ಎಂಬುದಕ್ಕೆ ಅರ್ಥವಿದೆ.

ಮಳೆನಕ್ಷತ್ರಗಳು

ನಮ್ಮಲ್ಲಿ ಋತುವನ್ನು ಅಳೆಯುವ ಜನಪದ ಚೌಕಟ್ಟು ಹೂವಿನದಲ್ಲ, ಮಳೆಯದು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳನ್ನು ಒಂದು 'ಮಳೆ' ಎಂದು ಲೆಕ್ಕ ಹಾಕಿ, ಬಿತ್ತನೆ, ನಾಟಿ, ಕಳೆಗಳನ್ನು ಅದಕ್ಕೆ ಹೊಂದಿಸುವ ರೂಢಿ ಕರ್ನಾಟಕದ ಉದ್ದಗಲಕ್ಕೂ ಇದೆ. ರೋಹಿಣಿ ಮೇ ಕೊನೆಯ ವಾರದಲ್ಲಿ, ಮೃಗಶಿರ ಜೂನ್ ಮೊದಲ ವಾರದ ಅಂಚಿಗೆ, ಆರಿದ್ರೆ ಜೂನ್ 21–22ರ ಸುಮಾರಿಗೆ ಹುಟ್ಟುತ್ತವೆ. ಕಾಶಿಯ ಸುತ್ತಲಿನ ರೈತರಲ್ಲೂ ಇದೇ ಲೆಕ್ಕವಿದೆ. ಅಲ್ಲಿ ಘಾಘ್ ಮತ್ತು ಭಡ್ಡರಿ ಎಂಬ ಹೆಸರುಗಳಿಗೆ ಅಂಟಿಕೊಂಡು ಬಂದ ಮಾತುಗಳಲ್ಲಿ ಆರ್ದ್ರಾ 'ಆದ್ರಾ' ಆಗಿದೆ, ಹಸ್ತ 'ಹಥಿಯಾ' ಆಗಿದೆ. ಆರನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ಯಾವ ಗಿಡ ಹುಲುಸಾಗಿ ಹೂ ಬಿಟ್ಟರೆ ಯಾವ ಬೆಳೆ ಚೆನ್ನಾಗಿ ಬರುತ್ತದೆ ಎಂದು ಊಹಿಸುವ ಕುಸುಮಲತಾಧ್ಯಾಯವೇ ಇದೆ.

ಈ ಚೌಕಟ್ಟಿನೊಳಗೆ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಜಾರುವಿಕೆ ಇದೆ. ನಕ್ಷತ್ರವರ್ಷವು ಋತುವರ್ಷಕ್ಕಿಂತ ಸುಮಾರು 20 ನಿಮಿಷ ದೊಡ್ಡದು. ಹಾಗಾಗಿ ಅಯನಚಲನೆಯಿಂದ ನಕ್ಷತ್ರಗಳ ಹುಟ್ಟು ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತ ಹೋಗುತ್ತದೆ. ವರಾಹಮಿಹಿರನ ಕಾಲಕ್ಕೆ ಹೋಲಿಸಿದರೆ ಇಂದಿನ ರೋಹಿಣಿ ಋತುಮಾನದಲ್ಲಿ ಸುಮಾರು ಮೂರು ವಾರ ತಡ. ಹಳೆಯ ಮಳೆಗಾದೆಗಳನ್ನು ಇಂದಿನ ಮಳೆಯ ಅಂಕಿಗಳ ಜೊತೆ ಹೋಲಿಸಿ 'ಹವಾಮಾನ ಕೆಟ್ಟಿತು' ಎನ್ನುವ ಮೊದಲು ಈ ಲೆಕ್ಕವನ್ನು ಕಳೆಯಬೇಕು. ಗಾದೆ ಐವತ್ತು ವರ್ಷದ್ದಾದರೆ ಅಂತರ ನಗಣ್ಯ. ಸಾವಿರ ವರ್ಷದ್ದಾದರೆ ಒಂದು ಮಳೆಯಷ್ಟೇ ವ್ಯತ್ಯಾಸ.

ದಾಖಲಿಸುವ ವಿಧಾನ

ಉಷ್ಣವಲಯದಲ್ಲಿ ಒಂದೇ ಜಾತಿಯ ಎರಡು ಮರಗಳು ಒಂದೇ ರಸ್ತೆಯಲ್ಲಿದ್ದೂ ತಿಂಗಳ ಅಂತರದಲ್ಲಿ ಹೂ ಬಿಡಬಹುದು. ಮಾವಿನಲ್ಲಂತೂ ಒಂದು ಕೊಂಬೆ ಹೂವಾಗಿ ಪಕ್ಕದ ಕೊಂಬೆ ತಾಮ್ರವರ್ಣದ ಚಿಗುರಾಗಿ ನಿಂತಿರುವುದು ನಿತ್ಯದ ನೋಟ. ಇಲ್ಲಿ 'ಮೊದಲ ಹೂ ಕಂಡ ದಿನ' ದುರ್ಬಲ ಅಳತೆ. ಅದಕ್ಕೆ ಇನ್ನೊಂದು ದೋಷವೂ ಉಂಟು: ನೋಡುವವರ ಸಂಖ್ಯೆ ಹೆಚ್ಚಿದಷ್ಟೂ ಎಲ್ಲೋ ಒಂದು ಅಕಾಲದ ಹೂ ಯಾರದೋ ಕಣ್ಣಿಗೆ ಬಿದ್ದು ಮೊದಲ ದಿನ ಹಿಂದಕ್ಕೆ ಸರಿಯುತ್ತದೆ. ಹತ್ತು ವರ್ಷದಲ್ಲಿ ವೀಕ್ಷಕರು ನೂರ್ಮಡಿಯಾದರೆ, ಮರಗಳು ಕಿಂಚಿತ್ತೂ ಬದಲಾಗದಿದ್ದರೂ ನಕ್ಷೆಯಲ್ಲಿ ವಸಂತ ಮುಂಚೆಯೇ ಬಂದಂತೆ ಕಾಣುತ್ತದೆ.

ಇದಕ್ಕೆ ಪರಿಹಾರವೆಂದರೆ ಒಂದೇ ಮರವನ್ನು ಗೊತ್ತುಮಾಡಿಕೊಂಡು ವಾರಕ್ಕೊಮ್ಮೆ ನೋಡುವುದು. ಹೂ ಇದ್ದರೆ ಮಾತ್ರವಲ್ಲ, ಇಲ್ಲದಿದ್ದರೂ ಬರೆಯುವುದು. ಮರಗಳಿಗಾಗಿ ಇರುವ ಭಾರತದ ಸೀಸನ್‌ವಾಚ್ ಯೋಜನೆ ಅನುಸರಿಸುವ ಕ್ರಮ ಇದೇ. ಎಲೆಯಲ್ಲಿ ಚಿಗುರು, ಬಲಿತದ್ದು, ಒಣಗುತ್ತಿರುವುದು. ಹೂವಿನಲ್ಲಿ ಮೊಗ್ಗು, ಅರಳಿದ್ದು. ಹಣ್ಣಿನಲ್ಲಿ ಕಾಯಿ, ಮಾಗಿದ್ದು. ಪ್ರತಿಯೊಂದಕ್ಕೂ 'ಇಲ್ಲ', 'ಸ್ವಲ್ಪ', 'ಬಹಳ' ಎಂಬ ಮೂರೇ ಉತ್ತರ. ಮರದ ತಲೆಯ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಾದರೆ ಸ್ವಲ್ಪ, ಹೆಚ್ಚಾದರೆ ಬಹಳ. ಶೇಕಡಾವಾರು ಬರೆಸಿದ್ದರೆ ಹೆಚ್ಚು ನಿಖರವಾಗುತ್ತಿತ್ತು ಎಂಬ ಆಕ್ಷೇಪವುಂಟು. ಆದರೆ ಶೇ. 40ಕ್ಕೂ ಶೇ. 50ಕ್ಕೂ ನಡುವೆ ಇಬ್ಬರು ವೀಕ್ಷಕರು ಒಮ್ಮತಕ್ಕೆ ಬರುವುದು ಅಪರೂಪ. 'ಇಲ್ಲ' ಎಂಬುದರಲ್ಲಿ ಬಹುಮಟ್ಟಿಗೆ ಎಲ್ಲರೂ ಒಪ್ಪುತ್ತಾರೆ. ಹೋದ ಭಾನುವಾರ 'ಇಲ್ಲ', ಈ ಭಾನುವಾರ 'ಸ್ವಲ್ಪ' ಎಂದಿದ್ದರೆ ಹೂ ಆ ಏಳು ದಿನದೊಳಗೆ ಬಿರಿದಿದೆ ಎಂದು ಖಚಿತವಾಗಿ ಹೇಳಬಹುದು. ಹಿಂದಿನ 'ಇಲ್ಲ' ಇರದಿದ್ದರೆ ಅದೇ 'ಸ್ವಲ್ಪ' ಎಂಬ ಮಾತು ಆರಂಭವೋ ಮುಕ್ತಾಯವೋ ತಿಳಿಯುವುದಿಲ್ಲ. ಶಾಲಾಮಕ್ಕಳಿಗೆ ಬೇಸರ ತರಿಸುವ ಈ ಖಾಲಿ ವಾರಗಳ ಸಾಲೇ ದತ್ತಾಂಶದಲ್ಲಿ ಅತ್ಯಂತ ಬೆಲೆಬಾಳುವ ಭಾಗ.

ಭಾರತದ ಯೋಜನೆಗಳು

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಮತ್ತು 'ಇಂಡಿಯನ್ ಬರ್ಡ್ಸ್' ಪತ್ರಿಕೆ ಸೇರಿ 2007ರಲ್ಲಿ ಮೈಗ್ರಂಟ್‌ವಾಚ್ ಆರಂಭಿಸಿದವು. ಚಳಿಗಾಲದ ವಲಸೆ ಹಕ್ಕಿಗಳ ಬರುವಿಕೆ, ಹೋಗುವಿಕೆಗಳನ್ನು ಹವ್ಯಾಸಿಗಳಿಂದ ಸಂಗ್ರಹಿಸುವುದು ಅದರ ಗುರಿ. ಅದರ ಚಾತಕ ಅಭಿಯಾನ ವಿಶೇಷವಾಗಿ ಉಲ್ಲೇಖಾರ್ಹ. ಚಾತಕ ಆಫ್ರಿಕಾದಿಂದ ಮಳೆಮಾರುತದ ಮುಂದೆ ಮುಂದೆ ಬರುತ್ತದೆ ಎಂಬ ನಂಬಿಕೆಯನ್ನು ದಿನಾಂಕಗಳಿಂದ ಪರೀಕ್ಷಿಸಿದಾಗ ಮಧ್ಯ ಮತ್ತು ಉತ್ತರ ಭಾರತಕ್ಕೆ ಅದು ಬಹುಮಟ್ಟಿಗೆ ಹೊಂದಿತು. ದಕ್ಷಿಣದಲ್ಲಿ ಹಾಗೆ ಹೇಳಲಾಗದು. ಇಲ್ಲಿ ವರ್ಷವಿಡೀ ನೆಲೆಸುವ ಬೇರೊಂದು ಉಪಜಾತಿ ಇದೆ. ಕಾಶಿಯಲ್ಲಿ ಚಾತಕ ಕಂಡರೆ ಅದು ಋತುವಿನ ಸುದ್ದಿ, ಮೈಸೂರಿನಲ್ಲಿ ಕಂಡರೆ ಅಷ್ಟರಿಂದಲೇ ಏನನ್ನೂ ಹೇಳಲಾಗದು. ಮೈಗ್ರಂಟ್‌ವಾಚ್‌ನ ದಾಖಲೆಗಳು ಮುಂದೆ ಇ-ಬರ್ಡ್ ಸಂಗ್ರಹಕ್ಕೆ ಸೇರಿದವು.

ಮರಗಳಿಗಾಗಿ ಸೀಸನ್‌ವಾಚ್ 2010ರ ಸುಮಾರಿಗೆ ರೂಪುಗೊಂಡಿತು. ಎನ್‌ಸಿಬಿಎಸ್ ಮತ್ತು ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಇದರ ಹಿಂದಿನ ಸಂಸ್ಥೆಗಳು. ಮಾವು, ಹಲಸು, ಹುಣಸೆ, ಕಕ್ಕೆ, ಹೊಂಗೆ, ಬೇವುಗಳಂಥ ಸರ್ವೇಸಾಮಾನ್ಯ ಮರಗಳೇ ಇದರ ಆಯ್ಕೆ. ಬೆಂಗಳೂರಿನಲ್ಲಿ ಹುಟ್ಟಿದರೂ ಇದಕ್ಕೆ ದಾಖಲೆಗಳ ರಾಶಿ ಒದಗಿಸಿದ್ದು ಕೇರಳ. ಅಲ್ಲಿ ಮಾತೃಭೂಮಿ ಪತ್ರಿಕೆಯ 'ಸೀಡ್' ಕಾರ್ಯಕ್ರಮದ ಮೂಲಕ ಶಾಲೆಗಳು ತೊಡಗಿಕೊಂಡವು. ಅಲ್ಲಿನ ಜನರಿಗೆ ಕಕ್ಕೆ ವಿಷುಹಬ್ಬದ ಹೂ. ಹಬ್ಬಕ್ಕೆ ಮೊದಲೇ ಅರಳಿ ಉದುರುತ್ತಿದೆ ಎಂಬ ಮಾತನ್ನು ಪರೀಕ್ಷಿಸಲು ಆಧಾರ ಸಿಕ್ಕಿದ್ದು ಈ ಮಕ್ಕಳ ಪಟ್ಟಿಗಳಿಂದ. ಕನ್ನಡದಲ್ಲಿ ಇಂಥ ಪತ್ರಿಕೆ–ಶಾಲೆಗಳ ಜೋಡಿ ಅದೇ ಪ್ರಮಾಣದಲ್ಲಿ ಬೆಳೆಯಲಿಲ್ಲ.

ಕರ್ನಾಟಕ

ಮೈಸೂರಿನ ಹವ್ಯಾಸಿಗಳು 1980ರ ದಶಕದ ಕೊನೆಯಿಂದ ಕೆರೆಗಳ ನೀರುಹಕ್ಕಿಗಳನ್ನು ಎಣಿಸುತ್ತ ಬಂದಿದ್ದಾರೆ. ನಂಜನಗೂಡು ಕಡೆಯ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳಲ್ಲಿ ಮಂಗೋಲಿಯಾದಲ್ಲಿ ಕುತ್ತಿಗೆಪಟ್ಟಿ ತೊಡಿಸಿದವೂ ಕಂಡಿವೆ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. 1990ರ ದಶಕದಲ್ಲಿ ಅಲ್ಲಿ ಹುಟ್ಟಿದ 'ಹೆಜ್ಜಾರ್ಲೆ ಬಳಗ' ಬಿದ್ದ ಮರಿಗಳನ್ನು ಸಾಕುವುದರ ಜೊತೆಗೆ ಹಕ್ಕಿಗಳ ಬರುವಿಕೆಯ ಮೇಲೂ ಕಣ್ಣಿಟ್ಟಿತು. ಗ್ರಾಮಸ್ಥರೇ ವೀಕ್ಷಕರಾದ ಉದಾಹರಣೆಯೆಂದು ಇದಕ್ಕೆ ಹೆಚ್ಚಿನ ತೂಕ ಕೊಡಬೇಕು.

ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮಳೆಪುಸ್ತಕಗಳು ಈ ಪರಂಪರೆಗೆ ಸೇರಿದವೆಂದು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ, ಹೇಳಬೇಕು. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಒಟ್ಟಾಗಿ ಅರಳುತ್ತದೆ. ಮಳೆಯ ಪ್ರಮಾಣ, ಹೂವಿನ ದಿನ, ಬಳಿಕ ಬಂದ ಹಿಮ್ಮಳೆ ಎಲ್ಲವನ್ನೂ ತೋಟದ ಕಚೇರಿಯಲ್ಲಿ ತಲೆಮಾರುಗಟ್ಟಲೆ ಬರೆದಿಟ್ಟ ಮನೆಗಳಿವೆ. ಲಾಲ್‌ಬಾಗಿಗೆ 1908ರಲ್ಲಿ ಬಂದ ತೋಟಗಾರಿಕಾ ತಜ್ಞ ಜಿ. ಎಚ್. ಕ್ರುಂಬಿಗಲ್ ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿ ಮುಗಿಯುವಾಗ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿದರು ಎನ್ನುತ್ತಾರೆ. ಆ ಸರದಿ ಈಗ ಎಷ್ಟು ಕಲಸಿಹೋಗಿದೆ ಎಂದು ಅಳೆಯಲು ಗುಲಾಬಿ ಟಬೂಬಿಯಾದ ಸಾವಿರಾರು ಚಿತ್ರಗಳು ಸಾಲವು, ಅವುಗಳಲ್ಲಿ 'ಇಲ್ಲ' ಎಂಬ ನಮೂದಿಲ್ಲ.

ಮಣಿಕರ್ಣಿಕಾ ಘಾಟ್ ಮತ್ತು ಕಾಶಿಯ ದಂಡೆ

ಸದಾ ಚಿತೆಗಳು ಉರಿಯುವ, ಕಟ್ಟಿಗೆಯ ರಾಶಿ ಮೆಟ್ಟಿಲವರೆಗೂ ಇಳಿದಿರುವ ಮಣಿಕರ್ಣಿಕೆ ಮೇಲ್ನೋಟಕ್ಕೆ ಋತುವೀಕ್ಷಣೆಯ ಜಾಗವಲ್ಲ. ಆದರೆ ಕಾಶಿಯ ದಂಡೆಯಲ್ಲಿ ಋತುವಿನ ತಿರುವು ಇಷ್ಟು ಬಿಚ್ಚಾಗಿ ಕಾಣುವ ಎಡೆಗಳು ಕಡಿಮೆ. ಶ್ರಾವಣ–ಭಾದ್ರಪದದಲ್ಲಿ ಗಂಗೆ ಏರಿದಾಗ ಕೆಳಗಿನ ಕಟ್ಟೆಗಳು ಮುಳುಗಿ ದಹನ ಮೇಲಿನ ಚಾವಣಿಗೆ ಸರಿಯುತ್ತದೆ. ಪಕ್ಕದ ವಾಲಿದ ರತ್ನೇಶ್ವರ ಗುಡಿಯ ಗರ್ಭಗೃಹದೊಳಗೆ ನೀರು ನಿಲ್ಲುತ್ತದೆ. ವಾರಾಣಸಿಯಲ್ಲಿ ನದಿಯ ಅಪಾಯಮಟ್ಟ 71.262 ಮೀಟರ್, 1978ರ ಮಹಾಪೂರದಲ್ಲಿ ಅದು 73.901 ಮೀಟರ್ ಮುಟ್ಟಿತ್ತು. ಮಳೆಗಾಲ ಕಳೆದು ನೀರು ಇಳಿದಂತೆ ಎದುರು ದಂಡೆಯ ಮರಳು ಮೇಲೇಳುತ್ತದೆ. ಜನಸಂಚಾರ ಕಡಿಮೆಯಿರುವ ಅದರ ತುದಿಗಳಲ್ಲಿ ಚಳಿಗಾಲಕ್ಕೆ ಚಕ್ರವಾಕಗಳು ಇಳಿಯುತ್ತವೆ.

ಇಲ್ಲಿನ ಅತ್ಯುತ್ತಮ ಸೂಚಕ ಕಡಲಕ್ಕಿ. ಮಧ್ಯ ಮತ್ತು ಉತ್ತರ ಏಷ್ಯಾದಲ್ಲಿ ಮರಿಮಾಡುವ ಕರಿತಲೆ, ಕಂದುತಲೆ ಕಡಲಕ್ಕಿಗಳು ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಘಾಟ್‌ಗಳ ಮುಂದೆ ನೆರೆಯುತ್ತವೆ, ದೋಣಿಯವರು ಎಸೆವ ಸೇವ್‌ಗೆ ಮುತ್ತುತ್ತವೆ, ಬೇಸಿಗೆಗೆ ಮುನ್ನ ಕಾಣೆಯಾಗುತ್ತವೆ. ಬಂದಾಗ ಕರಿತಲೆಯ ಹಕ್ಕಿಯ ತಲೆ ಬೆಳ್ಳಗಿದ್ದು ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ ಇರುತ್ತದೆ. ಫೆಬ್ರವರಿ–ಮಾರ್ಚ್‌ನಲ್ಲಿ ಗಾಢ ಕಂದು ಟೋಪಿ ಮೂಡುತ್ತದೆ. ಹಿಂಡಿನಲ್ಲಿ ಎಷ್ಟು ಪಾಲು ಟೋಪಿ ತೊಟ್ಟಿವೆ ಎಂದು ವಾರಕ್ಕೊಮ್ಮೆ 'ಇಲ್ಲ, ಸ್ವಲ್ಪ, ಬಹಳ' ಲೆಕ್ಕದಲ್ಲೇ ಬರೆದರೆ ಸಾಕು, ದುರ್ಬೀನು ಬೇಡ. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯನ್ ನೀರುಹಕ್ಕಿ ಗಣತಿ (ಆರಂಭ 1987) ಸಂಖ್ಯೆಗೆ ಒಳ್ಳೆಯದು, ಕಾಲಕ್ಕೆ ನಿರುಪಯೋಗಿ. ಭಾರತೀಯ ವನ್ಯಜೀವಿ ಸಂಸ್ಥೆ ತರಬೇತಿ ಕೊಟ್ಟ 'ಗಂಗಾ ಪ್ರಹರಿ' ಸ್ವಯಂಸೇವಕರು ನದಿಯಂಚಿನ ಊರವರೇ ಆದ್ದರಿಂದ ವಾರದ ಕೆಲಸಕ್ಕೆ ಹೆಚ್ಚು ಹೊಂದುತ್ತಾರೆ.

ಕಾಶಿಯ ಜನ ಕಾಲವನ್ನು ಹಬ್ಬದಿಂದ ಗುರುತಿಸುತ್ತಾರೆ. ಕಡಲಕ್ಕಿ ದೇವದೀಪಾವಳಿಗೆ ಮೊದಲು ಬಂತು, ನಂತರ ಬಂತು ಎನ್ನುವ ಮಾತನ್ನು ಹಾಗೆಯೇ ಸ್ವೀಕರಿಸಲಾಗದು. ಆ ಹಬ್ಬ ಬೀಳುವ ಕಾರ್ತಿಕ ಹುಣ್ಣಿಮೆ 2022ರಲ್ಲಿ ನವೆಂಬರ್ 8ಕ್ಕೆ, 2023ರಲ್ಲಿ ನವೆಂಬರ್ 27ಕ್ಕೆ ಬಿತ್ತು. ಹಕ್ಕಿ ಒಂದೇ ದಿನ ಬಂದಿದ್ದರೂ ಹಬ್ಬದ ಲೆಕ್ಕದಲ್ಲಿ ಹತ್ತೊಂಬತ್ತು ದಿನ ಆಚೀಚೆ. ಜಂಗಮವಾಡಿ ಮಠದಲ್ಲಿ ಇಳಿದುಕೊಂಡು ಘಾಟ್‌ಗೆ ಬರುವ ಕನ್ನಡ ಯಾತ್ರಿಕರೂ ಶಿವರಾತ್ರಿಗೆ ಬಂದರೆ ಹಕ್ಕಿಗಳನ್ನು ಕಂಡು ಬರೆಯುತ್ತಾರೆ. ಶ್ರಾವಣಕ್ಕೆ ಬಂದವರು ಹಕ್ಕಿ ಇರಲಿಲ್ಲವೆಂದು ಬರೆಯುವುದಿಲ್ಲ.

ಮರಗಳ ಬಗ್ಗೆ ಗಟ್ಟಿಯಾದ ಕೆಲಸ ಬಂದದ್ದು ಬನಾರಸ್ ಹಿಂದೂ ವಿಶ್ವವಿದ್ಯಾಲಯದಿಂದ. ಅಲ್ಲಿನ ಸಿ. ಪಿ. ಕುಶ್ವಾಹ ಮತ್ತು ಕೆ. ಪಿ. ಸಿಂಗ್ ವಿಂಧ್ಯದ ಒಣಕಾಡಿನ ಮರಗಳನ್ನು ಅಧ್ಯಯನ ಮಾಡಿ 2005–06ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ, ಹಳೆ ಎಲೆ ಉದುರುತ್ತಲೇ ಹೊಸ ಎಲೆ ತಳೆಯುವ ಮರಗಳಿಂದ ನಾಲ್ಕು ತಿಂಗಳಿಗೂ ಮಿಕ್ಕಿ ಬೋಳಾಗಿರುವ ಮರಗಳವರೆಗೆ ಶ್ರೇಣಿಯನ್ನು ಗುರುತಿಸಿದರು. 'ಎಲೆ ಉದುರುವ ಕಾಡು' ಎಂಬ ಒಂದೇ ಹೆಸರಿನಡಿ ಇಷ್ಟು ಬಗೆಯ ಕಾಲಗತಿಗಳಿರುವುದು ಸ್ವಯಂಸೇವಕರ ಪಟ್ಟಿಗಳನ್ನು ಓದುವಾಗಲೂ ಮುಖ್ಯ.

ಬನಾರಸಿನ ಲಂಗಡಾ ಮಾವು ಇನ್ನೊಂದು ಎಚ್ಚರಿಕೆ. ಅಲ್ಲಿ ಮಾವಿಗೆ ಹೂ ತರಿಸುವುದು ಮುಖ್ಯವಾಗಿ ಚಳಿ. ಹಾಗಾಗಿ ಮರವೆಲ್ಲ ಹೆಚ್ಚುಕಡಿಮೆ ಒಟ್ಟಿಗೆ, ಫೆಬ್ರವರಿ–ಮಾರ್ಚ್‌ನಲ್ಲಿ ಅರಳುತ್ತದೆ. ಕರಾವಳಿಯ ಬೆಚ್ಚನೆಯ ಹವೆಯಲ್ಲಿ ಕುಡಿ ಎಷ್ಟು ಬಲಿತಿದೆ ಎಂಬುದರ ಪಾತ್ರ ದೊಡ್ಡದು. ಹೂ ಡಿಸೆಂಬರಿನಿಂದಲೇ ಕಂತುಕಂತಾಗಿ ಬರುತ್ತದೆ. ಎರಡೂ ಕಡೆಯ ದಿನಾಂಕಗಳನ್ನು ಸೇರಿಸಿ ತೆಗೆದ 'ಭಾರತದ ಮಾವಿನ ಸರಾಸರಿ' ಎರಡೂ ಊರಿನ ಮರಕ್ಕೆ ಹೊಂದದು.

ಮಿತಿಗಳು

ಬೀದಿದೀಪ, ಕೊಂಬೆ ಕಡಿತ, ಉದ್ಯಾನದ ನೀರು ಇವು ಪಟ್ಟಣದ ಮರದ ಕಾಲವನ್ನು ಕಾಡಿನದರಿಂದ ಬೇರೆಯಾಗಿಸುತ್ತವೆ. ಸ್ವಯಂಸೇವಕರ ಮರಗಳೋ ಬಹುಪಾಲು ಪಟ್ಟಣದವು, ಶಾಲೆಯಂಗಳದವು. ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚಿದಾಗ ನೋಡುವವರಿಲ್ಲದೆ ಏಪ್ರಿಲ್–ಮೇ ಸಾಲುಗಳು ಖಾಲಿ ಬೀಳುವುದು ಇನ್ನೊಂದು ತೊಡಕು. ಬಹಳಷ್ಟು ಮರಗಳು ಹೂ ಬಿಡುವುದು, ಚಿಗುರುವುದು ಆಗಲೇ. ವೀಕ್ಷಕರ ಒಲವು ಕಕ್ಕೆ, ಮುತ್ತುಗ, ಬೂರುಗಗಳಂಥ ಬಣ್ಣದ ಹೂಗಳ ಕಡೆ. ಅತ್ತಿ, ಬಸರಿ, ಆಲಗಳ ಹೂ ಹಣ್ಣಿನೊಳಗೇ ಅಡಗಿರುವುದರಿಂದ ಅವುಗಳಲ್ಲಿ ಕಾಯಿಯ ಹಂತಗಳನ್ನು ಮಾತ್ರ ಬರೆಯಬಹುದು.